ದಲ್ಲಾಳಿಯ ಮನೆ, ಓಗಾನ ಅಂಗಡಿ: ಹೌಸಾ ಮತ್ತು ಇಗ್ಬೊ ವ್ಯಾಪಾರ

ಎಲ್ಲರಿಗೂ ನಮಸ್ಕಾರ.

ನೈಜೀರಿಯದ ಕಾನೊ ಪಟ್ಟಣದ ಸಂತೆಯಲ್ಲಿ ಮಾರುವವನಿಗೂ ಕೊಳ್ಳುವವನಿಗೂ ನಡುವೆ ನಿಂತು ವ್ಯಾಪಾರ ಕುದುರಿಸುವವನಿಗೆ ‘ದಿಲ್ಲಾಲಿ’ ಅಂತಾರೆ. ನಮ್ಮ ಎಪಿಎಂಸಿ ಯಾರ್ಡಿನ ದಲ್ಲಾಳಿಯೇ ಅವನು. ಎರಡೂ ಅರಬ್ಬಿಯಿಂದ ಬಂದ ಮಾತು. ಒಂದು ಸಹಾರಾ ದಾಟಿ ಆ ಕಡೆ ಹೋಯಿತು, ಇನ್ನೊಂದು ಈ ಕಡೆ ಬಂತು. ಹೌಸಾದ ‘ಅಮಾನ’ ಕೂಡ ನಮ್ಮ ‘ಅಮಾನತ್ತಿ’ನ ಒಡಹುಟ್ಟು. ನಮ್ಮಲ್ಲಿ ಆ ಮಾತು ಈಗ ಹೆಚ್ಚಾಗಿ ಕೇಳಿಬರುವುದು ಸರ್ಕಾರಿ ನೌಕರರನ್ನು ಮನೆಗೆ ಕಳಿಸುವಾಗ. ಅಲ್ಲಿ ಇನ್ನೂ ಅದರ ಹಳೆಯ ಅರ್ಥ ಉಳಿದಿದೆ: ನಂಬಿ ಒಪ್ಪಿಸಿದ್ದನ್ನು ಹಾಗೇ ಹಿಂದಿರುಗಿಸುವ ನಿಯತ್ತು.

ಹೌಸಾಗಳು ನೈಜೀರಿಯದ ಉತ್ತರದವರು, ಇಗ್ಬೊಗಳು ಆಗ್ನೇಯದವರು. ಇವರ ಬಗ್ಗೆ ಒಂದು ಸವಕಲು ಮಾತಿದೆ: ಇಗ್ಬೊಗಳಿಗೆ ವ್ಯಾಪಾರ ರಕ್ತದಲ್ಲೇ ಇದೆ, ಹೌಸಾಗಳು ಇದ್ದುದರಲ್ಲೇ ತೃಪ್ತರು. 1960ರ ದಶಕದಲ್ಲಿ ಶಾಲೆಯ ಹುಡುಗರಿಗೆ ಬಿದ್ದ ಕನಸುಗಳನ್ನು ಬರೆಸಿಕೊಂಡು ಯಾರಿಗೆ ಎಷ್ಟು ಮಹತ್ವಾಕಾಂಕ್ಷೆ ಅಂತ ಅಳೆದ ಮನಶ್ಶಾಸ್ತ್ರದ ಅಧ್ಯಯನವೂ ನಡೆಯಿತು. ಕನಸು ಅಳೆದು ವ್ಯಾಪಾರ ತಿಳಿಯುವುದು ನನ್ನ ಮಟ್ಟಿಗೆ ವ್ಯರ್ಥ ಶ್ರಮ. ಕೋರ್ಟಿಗೆ ಹೋದರೆ ವರ್ಷಗಟ್ಟಲೆ, ಬ್ಯಾಂಕಿಗೆ ಹೋದರೆ ಅಡಮಾನ ಕೇಳುತ್ತಾರೆ. ಹಾಗಿರುವಾಗ ಗುರುತಿಲ್ಲದವನಿಗೆ ಉದ್ದರಿ ಮಾಲು ಕೊಡುವುದು ಹೇಗೆ? ಈ ಒಂದೇ ಪ್ರಶ್ನೆಗೆ ಎರಡು ಸಮಾಜಗಳು ಎರಡು ಉತ್ತರ ಕಂಡುಕೊಂಡವು.

ಹೌಸಾ ಉತ್ತರದ ಹೆಸರು ‘ಮೈಗಿಡಾ’, ಅಂದರೆ ಮನೆಯ ಯಜಮಾನ. ಇಬಾದಾನ್ ದಕ್ಷಿಣದ ಯೊರುಬಾ ಜನರ ನಗರ. ಅಲ್ಲಿ ‘ಸಾಬೊ’ ಅನ್ನುವ ಹೌಸಾ ಕೇರಿ 1916ರಿಂದ ಇದೆ. ಉತ್ತರದಿಂದ ದನ ಹೊಡೆದುಕೊಂಡೋ ಲಾರಿಯಲ್ಲಿ ಹೇರಿಕೊಂಡೋ ಬಂದ ವ್ಯಾಪಾರಿ ನೇರ ಮೈಗಿಡಾನ ಮನೆಗೆ ಇಳಿಯುತ್ತಾನೆ. ಊಟಕ್ಕೂ ಮಲಗುವ ಕೋಣೆಗೂ ಅವನಿಂದ ದುಡ್ಡು ತೆಗೆದುಕೊಳ್ಳುವುದಿಲ್ಲ. ಮರುದಿನ ಮೈಗಿಡಾನ ದಿಲ್ಲಾಲಿ ದನಗಳನ್ನು ಕಟುಕರಿಗೆ ತೋರಿಸಿ ದರ ಕುದುರಿಸುತ್ತಾನೆ. ಕಟುಕನ ಕೈಯಲ್ಲಿ ರೊಕ್ಕ ಇರುವುದಿಲ್ಲ. ಅವನು ದನ ಒಯ್ದು, ಮಾಂಸ ಮಾರಿ, ಎರಡರಿಂದ ನಾಲ್ಕು ವಾರದಲ್ಲಿ ತೀರಿಸಬೇಕು. ಅವನು ತೀರಿಸದೆ ಕೈಯೆತ್ತಿದರೆ ದನದವನಿಗೆ ಹಣ ಕೊಡಬೇಕಾದವನು ಮೈಗಿಡಾ, ಸ್ವಂತ ಜೇಬಿನಿಂದ. ಇದಕ್ಕೆಲ್ಲ ಅವನಿಗೆ ಸಿಗುವುದು ‘ಲಾದಾ’, ನಮ್ಮ ಮಾತಿನಲ್ಲಿ ದಲ್ಲಾಳಿ ಕಮಿಷನ್.

ಹಾಗಾಗಿ ಮೈಗಿಡಾ ಮಾರುವುದು ದನವನ್ನಲ್ಲ, ಜಾಮೀನನ್ನು. ಯಾವ ಕಟುಕನ ಮಗಳ ಮದುವೆ ಹತ್ತಿರ ಬಂದಿದೆ, ಯಾರು ಹೋದ ತಿಂಗಳು ಇನ್ನೊಬ್ಬನ ಹತ್ತಿರ ಸಾಲ ಎತ್ತಿದ ಅನ್ನುವುದು ಅವನ ತಲೆಯಲ್ಲಿರಬೇಕು. ಒಬ್ಬನಿಗೆ ಮೋಸ ಮಾಡಿದವನಿಗೆ ಉಳಿದ ಮೈಗಿಡಾಗಳೂ ಉದ್ದರಿ ನಿಲ್ಲಿಸುತ್ತಾರೆ. ಗಳಿಸಿದ್ದನ್ನು ಅವನು ಮನೆಗಳ ಮೇಲೆ ಹಾಕುವುದಕ್ಕೂ ಕಾರಣವಿದೆ. ಸಾವಿರ ಕಿಲೋಮೀಟರ್ ದೂರದ ದನದವನಿಗೆ ಆ ಮನೆಗಳೇ ಧೈರ್ಯ; ರೊಕ್ಕ ಓಡಿಹೋದೀತು, ಮನೆ ಓಡುವುದಿಲ್ಲ.

ಈ ಏರ್ಪಾಡು ಸೋರುವ ಜಾಗಗಳೂ ಗೊತ್ತಿರಲಿ. ಲಾದಾ ತಲೆಗಿಷ್ಟು ಅಂತ ಇದ್ದರೆ ಮೈಗಿಡಾನ ಲಾಭ ದರದಲ್ಲಿಲ್ಲ, ಸಂಖ್ಯೆಯಲ್ಲಿದೆ. ಬೇಗ ಮಾರಿ ಮುಗಿಸುವುದು ಅವನಿಗೆ ಹಿತ, ಕಾದು ಒಳ್ಳೆ ದರಕ್ಕೆ ಕೊಡುವುದು ದನದವನಿಗೆ ಹಿತ. ಎರಡನೆಯದು ಇನ್ನೂ ದೊಡ್ಡದು: ಮಾಂಸದ ದರ ಕುಸಿದಾಗ ಕಟುಕರು ಒಬ್ಬೊಬ್ಬರಾಗಿ ಮುಳುಗುವುದಿಲ್ಲ, ಒಟ್ಟಿಗೇ ಮುಳುಗುತ್ತಾರೆ. ಆಗ ಒಬ್ಬ ಮೈಗಿಡಾನ ಜಾಮೀನು ಎಲ್ಲರಿಗೂ ಸಾಲುವುದಿಲ್ಲ.

ದಕ್ಷಿಣಕ್ಕೆ ದನ ಬಂದ ದಾರಿಯಲ್ಲೇ ಉತ್ತರಕ್ಕೆ ಹೋಗುತ್ತಿದ್ದುದು ಕೋಲಾ ಕಾಯಿ, ಹೌಸಾದಲ್ಲಿ ‘ಗೊರೊ’. ನಮಗೆ ಎಲೆಅಡಿಕೆ ಹೇಗೋ ಅವರಿಗೆ ಅದು ಹಾಗೆ. ಒಣಗಿದರೆ ಬೆಲೆ ಇಲ್ಲ, ಒದ್ದೆಯಾದರೆ ಕೊಳೆಯುತ್ತದೆ, ಹುಳ ಬೇರೆ. ಹಸಿ ಎಲೆ ಹಾಸಿದ ಬುಟ್ಟಿಯಲ್ಲಿ ತುಂಬಿ, ಆಗಾಗ ಬಿಚ್ಚಿ, ಕೆಟ್ಟದ್ದನ್ನು ಆರಿಸಿ ತೆಗೆದು ಮತ್ತೆ ಕಟ್ಟಬೇಕು. ಇಂಥ ಮಾಲಿಗೆ ಪ್ರಯಾಣದ ಒಂದೊಂದು ದಿನವೂ ನಷ್ಟ. ಕಾನೊದ ಅಲ್ಹಸನ್ ದಂತಾತ (1877–1955) ಹಿಡಿದದ್ದು ಇದನ್ನೇ. ಇಂದಿನ ಘಾನಾ ಕಡೆಯಿಂದ ಕತ್ತೆಗಳ ಮೇಲೆ ತಿಂಗಳುಗಟ್ಟಲೆ ಬರುತ್ತಿದ್ದ ಕೋಲಾವನ್ನು ಅವರು ಹಡಗಿನಲ್ಲಿ ಲಾಗೋಸಿಗೆ ತಂದರು. 1911ರಲ್ಲಿ ರೈಲು ಹಳಿ ಕಾನೊ ಮುಟ್ಟಿದ ಮೇಲೆ ಅಲ್ಲಿಂದ ರೈಲಿಗೆ ಹೇರಿದರು. ಆಮೇಲೆ ಶೇಂಗಾ ವ್ಯಾಪಾರಕ್ಕೆ ಇಳಿದರು. ಕಾನೊದಲ್ಲಿ ಶೇಂಗಾ ಚೀಲಗಳನ್ನು ಪಿರಮಿಡ್ಡಿನಂತೆ ಪೇರಿಸುತ್ತಿದ್ದ ಕಾಲ ಅದು. ಸಿಮೆಂಟ್ ಉದ್ಯಮಿ ಅಲಿಕೊ ದಾಂಗೋಟೆ ಇದೇ ದಂತಾತರ ಮರಿಮಗ. 1970ರ ದಶಕದ ಕೊನೆಯಲ್ಲಿ ತಾಯಿಯ ಕಡೆಯ ಹಿರಿಯರು ಕೊಟ್ಟ ಸಾಲದಿಂದ ಶುರು ಮಾಡಿದವರು. ತೃಪ್ತ ಜನ ಅನ್ನುವವರು ಈ ಮನೆತನವನ್ನು ಎಲ್ಲಿಡುತ್ತಾರೋ ನನಗೆ ಗೊತ್ತಿಲ್ಲ.

ಹೌಸಾ ಹೆಂಗಸರ ವ್ಯಾಪಾರ ಕಣ್ಣಿಗೆ ಬೀಳುವುದಿಲ್ಲ, ಯಾಕೆಂದರೆ ಅದು ಗೋಡೆಯ ಒಳಗಿದೆ. ‘ಕುಲ್ಲೆ’ ಅನ್ನುವ ಪರದೆ ಪದ್ಧತಿ ಪಾಲಿಸುವ ಮನೆಗಳಲ್ಲಿ ವಿವಾಹಿತೆ ಸಂತೆಗೆ ಹೋಗುವುದಿಲ್ಲ. ಒಳಗೇ ಕೂತು ‘ಕೊಸಾಯ್’ ಕರಿಯುತ್ತಾಳೆ. ನೆನೆಸಿದ ಅಲಸಂದೆಯ ಸಿಪ್ಪೆ ತೆಗೆದು, ರುಬ್ಬಿ, ಈರುಳ್ಳಿ ಮೆಣಸಿನಕಾಯಿ ಹಾಕಿ ಕರಿದದ್ದು, ಹೆಚ್ಚುಕಡಿಮೆ ನಮ್ಮ ವಡೆ. ಅದನ್ನು ತಲೆಯ ಮೇಲೆ ಹೊತ್ತು ಬೀದಿಯಲ್ಲಿ ಮಾರುವವರು ಮಕ್ಕಳು. ಆ ಮಾರಾಟಕ್ಕೆ ‘ತಲ್ಲಾ’ ಅಂತ ಹೆಸರು. ಲಾಭ ಅವಳದೇ, ಗಂಡನದಲ್ಲ. ಅದು ‘ಅದಾಶಿ’ಗೆ ಹೋಗುತ್ತದೆ, ಅಂದರೆ ಚೀಟಿಗೆ. ಹುಡುಗಿಯರು ಶಾಲೆಗೆ ಹೋದಾಗ ಈ ವ್ಯಾಪಾರದ ಕಾಲೇ ಮುರಿಯುತ್ತದೆ. ತಾಯಂದಿರು ಮಗಳನ್ನು ಶಾಲೆ ಬಿಡಿಸಿದರೆ ಅದಕ್ಕೆ ಸಂಪ್ರದಾಯ ಒಂದೇ ಕಾರಣವಲ್ಲ, ಲೆಕ್ಕವೂ ಇದೆ.

ಈಗ ಇಗ್ಬೊಗಳ ಕಡೆ ಬರೋಣ. ಹೌಸಾಗಳು ನಂಬಿಕೆಯನ್ನು ಒಬ್ಬ ಯಜಮಾನನಲ್ಲಿಟ್ಟರೆ ಇವರು ಅದನ್ನು ಒಬ್ಬ ಹುಡುಗನಲ್ಲಿ ಬೆಳೆಸುತ್ತಾರೆ. ಇದಕ್ಕೆ ‘ಇಗ್ಬಾ ಬೊಯಿ’ ಅಂತ ಹೆಸರು. ಧಣಿ ‘ಓಗಾ’. ಕ್ರಿಸ್‌ಮಸ್‌ಗೆ ಊರಿಗೆ ಬಂದ ಓಗಾ ನೆಂಟರಲ್ಲೋ ಊರವರಲ್ಲೋ ಒಬ್ಬ ಹುಡುಗನನ್ನು ನೋಡುತ್ತಾನೆ. ಎರಡೂ ಮನೆಯವರು ಕೂತು ಕೋಲಾ ಒಡೆದು ಮಾತಾಡುತ್ತಾರೆ. ಅವಧಿ ಸಾಮಾನ್ಯವಾಗಿ 5ರಿಂದ 8 ವರ್ಷ. ಊಟ, ಬಟ್ಟೆ, ಸೂರು ಓಗಾನದು, ಸಂಬಳ ಇಲ್ಲ. ಅವಧಿ ಮುಗಿದಾಗ ಓಗಾ ಹುಡುಗನನ್ನು ‘ಸೆಟ್ಲ್’ ಮಾಡಬೇಕು: ಬಂಡವಾಳ, ಮೊದಲ ಸುತ್ತಿನ ಮಾಲು, ಎಷ್ಟೋ ಸಲ ಅಂಗಡಿ ಬಾಡಿಗೆ. ‘ಇಮು ಅಹಿಯಾ’ ಬೇರೆ. ಅದರಲ್ಲಿ ಹುಡುಗನ ಮನೆಯವರೇ ಶುಲ್ಕ ಕೊಟ್ಟು ಸ್ವಲ್ಪ ಕಾಲ ಕಲಿಸುತ್ತಾರೆ, ಬಂಡವಾಳವೂ ಅವರದೇ.

ಮೊದಲು ಕಸ ಗುಡಿಸುವುದು, ಪೆಟ್ಟಿಗೆ ಹೊರುವುದು, ಓಗಾನ ಬಟ್ಟೆ ಒಗೆಯುವುದು. ಆಮೇಲೆ ಮಾಲಿನ ಹೆಸರು, ಅಸಲಿ–ನಕಲಿ ಗುರುತು, ದರ. ಗಲ್ಲಾ ಕೈಗೆ ಬರುವುದು ಅದರ ನಂತರ. ಕೊನೆಯ ವರ್ಷಗಳಲ್ಲಿ ಖರೀದಿಗೆ ಒಬ್ಬನನ್ನೇ ಕಳಿಸುತ್ತಾರೆ. ಇದರ ನಡುವೆ ನಿಜವಾದ ಪಾಠ ಅಂದರೆ ‘ಓಸೊ ಅಹಿಯಾ’. ಇಗ್ಬೊ ಸೀಮೆಯ ನ್ನೆವಿ ಪಟ್ಟಣದಲ್ಲಿ ವಾಹನದ ಬಿಡಿಭಾಗ ಮಾರುವ ಅಂಗಡಿಗಳ ಸಾಲಿಗೆ ಗಿರಾಕಿ ಬಂದು ಒಂದು ಬೇರಿಂಗ್ ಕೇಳುತ್ತಾನೆ ಅನ್ನಿ. ಅಂಗಡಿಯಲ್ಲಿ ಇಲ್ಲ. ಹುಡುಗ ‘ಇಲ್ಲ’ ಅನ್ನುವುದಿಲ್ಲ, ‘ಕೂತ್ಕೊಳ್ಳಿ’ ಅಂತಾನೆ. ಓಡಿ ಹೋಗಿ ನಾಲ್ಕನೇ ಅಂಗಡಿಯಿಂದ ಬಾಯಿಮಾತಿನ ನಂಬಿಕೆಯ ಮೇಲೆ ತಂದು, ಮೇಲೊಂದಿಷ್ಟು ಇಟ್ಟು ಮಾರುತ್ತಾನೆ. ಆ ಅಂಗಡಿಯವರ ದರವನ್ನು ಸಂಜೆಯೊಳಗೆ ಮುಟ್ಟಿಸುತ್ತಾನೆ; ಗಿರಾಕಿ ಒಲ್ಲೆ ಅಂದರೆ ಮಾಲು ವಾಪಸ್ಸು. ಒಂದು ಸಂಜೆ ತಪ್ಪಿದರೆ ಇಡೀ ಸಾಲಿಗೆ ಸುದ್ದಿ. ಒಂದೇ ಮಾಲಿನ ನೂರು ಅಂಗಡಿ ಒಂದೇ ಕಡೆ ಯಾಕಿವೆ ಅಂತ ಹೊರಗಿನವರಿಗೆ ಆಶ್ಚರ್ಯ. ಸಾಲಿನಲ್ಲಿರುವುದು ಒಂದೇ ದೊಡ್ಡ ಗೋದಾಮು, ನೂರು ಬಾಗಿಲು.

ಈ ಪದ್ಧತಿ ಯುದ್ಧಕ್ಕಿಂತ ಹಳೆಯದು, ಆದರೆ ಯುದ್ಧ ಅದನ್ನು ಅನಿವಾರ್ಯ ಮಾಡಿತು. ಇಗ್ಬೊ ಸೀಮೆ ಬಿಯಾಫ್ರಾ ಅನ್ನುವ ಬೇರೆ ದೇಶವಾಗಲು ಹೊರಟಾಗ ನಡೆದ, 1967ರಿಂದ 1970ರವರೆಗಿನ ಯುದ್ಧ ಮುಗಿದಾಗ, ಯುದ್ಧಕಾಲದಲ್ಲಿ ಖಾತೆ ನಡೆಸಿದ್ದವರಿಗೆ ಎಷ್ಟೇ ಠೇವಣಿ ಇದ್ದರೂ ಸರ್ಕಾರ ಕೊಟ್ಟದ್ದು 20 ಪೌಂಡ್ ಮಾತ್ರ. ಬಂಡವಾಳ ಕಳೆದುಕೊಂಡ ವ್ಯಾಪಾರಿಯ ಹತ್ತಿರ ಉಳಿದದ್ದು ಕಸುಬು, ಹುಡುಗರ ಹತ್ತಿರ ಉಳಿದದ್ದು ವಯಸ್ಸು ಮತ್ತು ದುಡಿಮೆ. ಅದನ್ನೇ ಅದಲುಬದಲು ಮಾಡಿಕೊಂಡರು. ಒನಿಚಾ, ಅಬಾದ ಅರಿಯಾರಿಯಾ, ಲಾಗೋಸಿನ ಅಲಾಬಾ ಸಂತೆಗಳು ಇದರ ಮೇಲೆ ಬೆಳೆದವು. ನ್ನೆವಿಯವರು 1980ರ ದಶಕದಲ್ಲಿ ಒಂದು ಹೆಜ್ಜೆ ಮುಂದೆ ಹೋಗಿ, ಬಿಡಿಭಾಗ ಕಳಿಸುತ್ತಿದ್ದ ತೈವಾನಿನವರಿಂದಲೇ ಯಂತ್ರ ತರಿಸಿ ತಾವೇ ತಯಾರಿಕೆಗೆ ಇಳಿದರು. ಇನೊಸೆಂಟ್ ಚುಕ್ವುಮಾ ಅವರ ಇನೊಸನ್ ವಾಹನ ಕಾರ್ಖಾನೆ 2010ರಲ್ಲಿ ಅಲ್ಲೇ ಉದ್ಘಾಟನೆಯಾಯಿತು.

ಹುಳುಕೂ ಇದೆ. ಸೆಟ್ಲ್‌ಮೆಂಟ್ ಎಷ್ಟು ಅಂತ ಮೊದಲೇ ಗೊತ್ತಾಗಿರುವುದು ಅಪರೂಪ, ಬರವಣಿಗೆ ಇನ್ನೂ ಅಪರೂಪ. ಹಾಗಾಗಿ ಆರನೇ ವರ್ಷದ ಕೊನೆಗೆ ಕಳ್ಳತನದ ಆರೋಪ ಹೊರಿಸಿ ಹುಡುಗನನ್ನು ಓಡಿಸುವ ಓಗಾಗಳಿದ್ದಾರೆ; ಗಲ್ಲಾದಿಂದ ತೆಗೆದು ಗುಟ್ಟಾಗಿ ಸ್ವಂತ ವ್ಯಾಪಾರ ನಡೆಸುವ ಹುಡುಗರೂ ಇದ್ದಾರೆ. ಹೆಣ್ಣುಮಕ್ಕಳಿಗೆ ಈ ದಾರಿ ಬಹುಮಟ್ಟಿಗೆ ಮುಚ್ಚಿದೆ.

ಒಂದಕ್ಕೊಂದು ತಾಗದೆ ಇವೆರಡೂ ಬದುಕಿಲ್ಲ. ಕಾನೊದ ಸಾಬೊನ್ ಗರಿ ಕೇರಿಯಲ್ಲಿ ಇಗ್ಬೊಗಳ ಅಂಗಡಿಗಳಿವೆ, ಇಗ್ಬೊ ಸೀಮೆಯ ಒವೆರಿಯಲ್ಲಿ ‘ಅಮಾ ಹೌಸಾ’ ಕೇರಿ ಇದೆ. 1966ರಲ್ಲಿ ಉತ್ತರದಲ್ಲಿ ಇಗ್ಬೊಗಳ ಹತ್ಯಾಕಾಂಡ ನಡೆದು ಅವರು ಅಂಗಡಿ ಬಿಟ್ಟು ಓಡಿದರು. ಯುದ್ಧ ಮುಗಿದ ಮೇಲೆ ಮತ್ತೆ ಅಲ್ಲಿಗೇ ಹೋದರು. 2021ರ ಫೆಬ್ರುವರಿಯಲ್ಲಿ ಇಬಾದಾನಿನ ಶಾಶಾ ಸಂತೆಯಲ್ಲಿ ಗಲಭೆಯಾದ ಮೇಲೆ ಉತ್ತರದ ದನ, ದಿನಸಿ ವ್ಯಾಪಾರಿಗಳು ದಕ್ಷಿಣಕ್ಕೆ ಮಾಲು ನಿಲ್ಲಿಸಿದರು. ಕೆಲವೇ ದಿನಗಳಲ್ಲಿ ಅಲ್ಲಿ ಟೊಮೆಟೊ, ಈರುಳ್ಳಿ, ಮಾಂಸದ ದರ ಏರಿತು. ಮೈಗಿಡಾಗಳ ಜಾಲ ಎಷ್ಟು ಉದ್ದ ಅಂತ ಅಡುಗೆಮನೆಗಳಿಗೆ ತಿಳಿದದ್ದು ಆಗ.

ಕೊನೆಗೆ ಒಂದು ಲೆಕ್ಕ. ಹುಡುಗ 2018ರಲ್ಲಿ ಸೇರಿದ, ಓಗಾ 5 ಲಕ್ಷ ನೈರಾ ಕೊಡುತ್ತೇನೆಂದ ಅನ್ನಿ. ಆಗ ಡಾಲರಿಗೆ ಪೇಟೆಯಲ್ಲಿ ಸುಮಾರು 360 ನೈರಾ. ಅಂದರೆ ಸುಮಾರು 1,400 ಡಾಲರಿನ ಮಾಲು. ಹುಡುಗ 2024ರಲ್ಲಿ ಹೊರಬಿದ್ದಾಗ ಡಾಲರಿಗೆ ಸುಮಾರು 1,500 ನೈರಾ. ಓಗಾ ಒಂದು ನೈರಾ ಕಡಿಮೆ ಮಾಡದೆ ಕೊಟ್ಟರೂ ಹುಡುಗನ ಕೈಗೆ ಬಂದದ್ದು ಸುಮಾರು 330 ಡಾಲರ್. ಇಬ್ಬರೂ ಪ್ರಾಮಾಣಿಕರು, ಆದರೂ ಆರು ವರ್ಷದ ದುಡಿಮೆಯಲ್ಲಿ ಮುಕ್ಕಾಲು ಪಾಲು ಆವಿಯಾಯಿತು. ಒಪ್ಪಂದ ಬರೆಸಬೇಕು ಅಂತ ಈಗ ಎಲ್ಲರೂ ಹೇಳುತ್ತಾರೆ. ಬರೆಸುವುದಾದರೆ ಅದರಲ್ಲಿ ನೈರಾ ಬರೆಸಬಾರದು. ಇಂಥ ಸೈಜಿನ ಬೇರಿಂಗ್ ಇಷ್ಟು ಪೆಟ್ಟಿಗೆ, ಇಂಥ ಸಾಲಿನಲ್ಲಿ ಎರಡು ವರ್ಷದ ಬಾಡಿಗೆ, ಹೀಗೆ ಬರೆಸಬೇಕು.