ಕನ್ನಡದ ಅಳತೆ ತಗೊಂಡು ಸಿಎಸ್‌ಎಸ್ ಬರೀರಿ

(ತುಮಕೂರಿನಲ್ಲಿ ನಡೆದ ಕನ್ನಡ ತಾಂತ್ರಿಕ ಬರವಣಿಗೆ ಕಾರ್ಯಾಗಾರದಲ್ಲಿ ಮಾಡಿದ ಉಪನ್ಯಾಸ)

ಎಲ್ರಿಗೂ ನಮಸ್ಕಾರ. ಬೆಳಗ್ಗೆಯಿಂದ ಇಲ್ಲಿ ಮಾತಾಡಿದೋರೆಲ್ಲ ಯೂಸರ್ ಗೈಡು, ಹೆಲ್ಪ್ ಪೇಜು ಇವನ್ನೆಲ್ಲ ಕನ್ನಡಕ್ಕೆ ಹೇಗೆ ತರೋದು, ಭಾಷೆ ಹೇಗಿರ್ಬೇಕು ಅಂತ ಚೆನ್ನಾಗಿ ಹೇಳಿದ್ರು. ನನ್ನ ಸಂಕಟ ಅದಾದ್ಮೇಲೆ ಶುರುವಾಗೋದು. ಒಳ್ಳೇ ಕನ್ನಡ ಬರ್ದು ಮುಗಿಸ್ತೀವಿ, ತಗೊಂಡೋಗಿ ಇಂಗ್ಲಿಷಿಗೆ ಅಂತ ಮಾಡಿರೋ ರೆಡಿಮೇಡ್ ಥೀಮಿಗೆ, ಅಂದ್ರೆ ಪೇಜು ಹೇಗೆ ಕಾಣ್ಬೇಕು ಅಂತ ಹೇಳೋ ಸಿಎಸ್‌ಎಸ್ ಸಾಲುಗಳ ಕಟ್ಟಿಗೆ, ಸುರಿದುಬಿಡ್ತೀವಿ, ಬೇರೆ ಯಾರದೋ ಅಳತೆಗೆ ಹೊಲಿದ ಅಂಗೀನ ನಮ್ಮ ಮಗೂಗೆ ತೊಡಿಸಿದ ಹಾಗೆ. ಆಮೇಲೆ ಜನ ಕನ್ನಡ ಪೇಜು ಬಿಟ್ಟು ಇಂಗ್ಲಿಷ್ ಪೇಜಿಗೆ ಹೋದ್ರೆ, "ನೋಡಿದ್ರಾ, ಕನ್ನಡದಲ್ಲಿ ಓದೋರೇ ಇಲ್ಲ" ಅಂತ ಮೀಟಿಂಗಲ್ಲಿ ಹೇಳ್ತಾರೆ. ಓದೋರು ಇದಾರೆ ಸ್ವಾಮಿ, ಓದೋಕೆ ಆಗೋ ಹಾಗೆ ನಾವು ಇಟ್ಟಿಲ್ಲ ಅಷ್ಟೆ. ನವೆಂಬರ್ ತಿಂಗಳು ಬೇರೆ, ಬೀದಿಬೀದೀಲಿ ಬಾವುಟ ಕಟ್ಟಿದೀವಿ, ಈ ತಿಂಗಳಲ್ಲಾದ್ರೂ ಇದನ್ನ ಜೋರಾಗಿ ಹೇಳ್ಬೇಕು ಅನ್ನಿಸ್ತು. ಮೊದಲು ಕನ್ನಡ ಹಾಕಿ ನೋಡಿ, ಆಮೇಲೆ ಥೀಮ್ ಓಕೆ ಮಾಡಿ. ಇವತ್ತು ನಾನು ಏನೇನೇ ಮಾತಾಡಿದ್ರೂ ಸುತ್ತಿ ಬಳಸಿ ಇಲ್ಲಿಗೇ ಬರ್ತೀನಿ, ಬೇಜಾರು ಮಾಡ್ಕೋಬೇಡಿ.

ಗುಬ್ಬಿ ಕಡೆ ನಮ್ಮ ಸೋದರಮಾವಂದು ತೆಂಗಿನ ತೋಟ ಇದೆ. ಬೋರ್‌ವೆಲ್ಲಿಗೆ ಮೊಬೈಲ್ ಸ್ಟಾರ್ಟರ್ ಹಾಕ್ಸಿದ್ರು, ನಿಮ್ಮಲ್ಲಿ ಅರ್ಧ ಜನರ ಮನೇಲಿ ಇರುತ್ತೆ, ಒಳಗೆ ಸಿಮ್ ಇರೋ ಡಬ್ಬ, ಮನೇಲಿ ಕೂತೇ ಮೆಸೇಜ್ ಕಳ್ಸಿದ್ರೆ ತೋಟದಲ್ಲಿ ಮೋಟರ್ ಆನ್ ಆಗುತ್ತೆ. ರಾತ್ರಿ ತ್ರೀಫೇಸ್ ಬಂದಾಗ ಟಾರ್ಚು ಹಿಡ್ಕೊಂಡು ಓಡೋದು ತಪ್ತು ಅಂತ ಮಾವಂಗೆ ಬಹಳ ಖುಷಿ. ಕಂಪನಿಯೋರು ವೆಬ್‌ನಲ್ಲಿ ಕನ್ನಡ ಗೈಡು ಬೇರೆ ಕೊಟ್ಟಿದ್ರು, ಭಾಷೆ ನಿಜವಾಗ್ಲೂ ಚೆನ್ನಾಗಿತ್ತು. ಆದ್ರೆ ರಾತ್ರಿ ಫೋನ್ ಬಂತು. "ಅಲ್ಲಿ ಇದ್ದಂಗೇ ಹೊಡ್ದು ಕಳ್ಸೀನಿ ಕಣ್ಲಾ, ಮೋಟ್ರು ಮಿಸುಕ್ತಾನೇ ಇಲ್ಲ."

ಕಳಿಸಬೇಕಾದ ಮೆಸೇಜ್ ಏನಪ್ಪಾ ಅಂದ್ರೆ ಇಂಗ್ಲಿಷಿನ ಎಂ, ಓ, ಎನ್, ಆಮೇಲೆ ಒಂದು, ಸೊನ್ನೆ, ಒಟ್ಟು ಐದು ಅಕ್ಷರ, ಮಧ್ಯೆ ಜಾಗ ಇಲ್ಲ. ಗೈಡಲ್ಲಿ "ಕಳಿಸಬೇಕಾದ ಸಂದೇಶ" ಅಂತ ಬರ್ದು, ಪಕ್ಕದಲ್ಲಿ ಆ ಐದು ಅಕ್ಷರ ಹಾಕಿ, ವಾಕ್ಯ ಮುಗೀತಲ್ಲ ಅಂತ ಒಂದು ಪೂರ್ಣವಿರಾಮ ಇಟ್ಟಿದ್ರು. ಮಾವ ಚುಕ್ಕೀನೂ ಸೇರಿಸಿ ಕಳ್ಸಿದಾರೆ. "ಮಾವ, ಆ ಚುಕ್ಕಿ ಬೇಡ" ಅಂದೆ. "ಬ್ಯಾಡ ಅಂದ್ರೆ ಯಾಕ್ಲಾ ಮಡಗವ್ರೆ? ಚುಕ್ಕಿ ಬಿಟ್ಟಿದ್ಕೆ ನಮ್ಮೇಷ್ಟ್ರು ಕಿವಿ ಹಿಂಡವ್ರೆ" ಅಂದ್ರು. ಅವರು ಹೇಳಿದ್ದು ನ್ಯಾಯವಾಗೇ ಇದೆ ಅಲ್ವಾ? ಅಲ್ಲಿ ಕಾಣ್ತಿರೋದು ವಾಕ್ಯದ ಚುಕ್ಕೀನೋ ಕಮಾಂಡಿನ ಚುಕ್ಕೀನೋ ಅಂತ ಅವರಿಗೆ ಹೇಳಬೇಕಾದೋರು ಯಾರು?

ಸರಿ, ಚುಕ್ಕಿ ತೆಗೆಸಿದ್ವಿ, ಆಗ್ಲೂ ಆಗ್ಲಿಲ್ಲ. ನೋಡಿದ್ರೆ ಕೊನೇ ಸೊನ್ನೇನ ಇಂಗ್ಲಿಷಿನ ಓ ಅಂತ ಹೊಡ್ದಿದಾರೆ, ಆ ಫಾಂಟಲ್ಲಿ ಎರಡೂ ಅವಳಿಜವಳಿ. ಅದನ್ನ ಸರಿ ಮಾಡಿದ್ವಿ. ಆಗ್ಲೂ ಇಲ್ಲ! ಅವರ ಫೋನಿನ ಸ್ಕ್ರೀನ್ ಚಿಕ್ಕದು, ಎಂ ಓ ಎನ್ ಒಂದು ಸಾಲಲ್ಲಿ, ಹತ್ತು ಕೆಳಗಿನ ಸಾಲಲ್ಲಿ ಬಿದ್ದಿತ್ತು, ಇವರು ಮಧ್ಯೆ ಒಂದು ಸ್ಪೇಸ್ ಬಿಟ್ಟಿದ್ರು. ಐದೇ ಐದು ಅಕ್ಷರಕ್ಕೆ ಮೂರು ಕಡೆ ಎಡವೋ ಹಾಗೆ ಮಾಡಿಟ್ಟಿದ್ರು ನೋಡಿ. ಅಷ್ಟರಲ್ಲಿ ಕರೆಂಟೇ ಹೋಯ್ತು, ಆ ರಾತ್ರಿ ತೋಟಕ್ಕೆ ನೀರಿಲ್ಲ.

ಭಾಷೇಲಿ ಒಂದು ಕಾಗುಣಿತ ತಪ್ಪಿಲ್ಲ. ತಪ್ಪಿದ್ದು ಪೂರ್ತಿ ಟೈಪೋಗ್ರಫೀದು, ಅಂದ್ರೆ ಅಕ್ಷರ ಜೋಡಿಸಿ ತೋರ್ಸೋ ರೀತೀದು. ಆ ಐದು ಅಕ್ಷರಾನ, ಇದು ಕಮಾಂಡು ಅಂತ ಗುರುತು ಹಾಕೋ ಕೋಡ್ ಟ್ಯಾಗಿನ ಒಳಗೆ ಹಾಕಿ, ಹಿಂದೆ ತೆಳು ಬೂದು ಬಣ್ಣ ಕೊಟ್ಟು, ಎಡಬಲಕ್ಕೆ ಚೂರು ಖಾಲಿ ಜಾಗ, ಅಂದ್ರೆ ಪ್ಯಾಡಿಂಗ್, ಕೊಟ್ಟಿದ್ರೆ ಚುಕ್ಕಿ ಆ ಬೂದು ಚೌಕದಿಂದ ಆಚೆ ಬೀಳ್ತಿತ್ತು. ಸೊನ್ನೆಗೆ ಅಡ್ಡಗೆರೆ ಇರೋ ಮಾನೋಸ್ಪೇಸ್ ಫಾಂಟ್, ಅಂದ್ರೆ ಎಲ್ಲ ಅಕ್ಷರಕ್ಕೂ ಒಂದೇ ಅಗಲ ಇರೋ ಫಾಂಟ್, ಹಾಕಿದ್ರೆ ಓ ಬೇರೆ, ಸೊನ್ನೆ ಬೇರೆ. ವೈಟ್‌ಸ್ಪೇಸ್ ನೋರ್ಯಾಪ್ ಅಂತ ಒಂದು ಸಾಲು ಬರ್ದಿದ್ರೆ ಕಮಾಂಡ್ ಮುರೀತಿರ್ಲಿಲ್ಲ. ಎಲ್ಲಾ ಸೇರಿ ಐದಾರು ಸಾಲು ಸಿಎಸ್‌ಎಸ್. ಸ್ಟೈಲಿಂಗ್ ಅಂದ್ರೆ ಅಲಂಕಾರ ಅಂತ ಯಾರಾದ್ರೂ ಅಂದ್ರೆ ನನಗೆ ಸಿಟ್ಟು ಬರೋದು ಇದಕ್ಕೇ. ಓದೋದು ಯಾವುದು, ಹೊಡೆಯೋದು ಯಾವುದು, ಒತ್ತೋದು ಯಾವುದು ಅಂತ ಗೆರೆ ಎಳೆದು ತೋರ್ಸೋ ಕೆಲಸ ಅದು. ವೆಬ್ ಪೇಜು ಬರಿಯೋ ಎಚ್‌ಟಿಎಂಎಲ್‌ನಲ್ಲಿ ಇದಕ್ಕೇ ಬೇರೆಬೇರೆ ಟ್ಯಾಗ್ ಇದಾವೆ, ಕಮಾಂಡಿಗೆ ಕೋಡ್, ಕೀಬೋರ್ಡಿಂದ ಒತ್ತೋದಕ್ಕೆ ಕೆಬಿಡಿ, ಮೆಷಿನ್ನು ವಾಪಸ್ ಹೇಳೋದಕ್ಕೆ ಸ್ಯಾಂಪ್, ಓದುಗ ತನ್ನ ನಂಬರ್ ತುಂಬ್ಬೇಕಾದ ಜಾಗಕ್ಕೆ ವಾರ್. ಎಲ್ಲಾದಕ್ಕೂ ಬೋಲ್ಡ್ ಹೊಡೆಯೋ ಅಭ್ಯಾಸ ದಯವಿಟ್ಟು ಬಿಡಿ.

ಕೋಡ್ ಟ್ಯಾಗ್ ಹಾಕೋಕೆ ಇನ್ನೊಂದು ಕಾರಣಾನೂ ಇದೆ. ಜಾನ್ ಗ್ರೂಬರ್ 2004ರಲ್ಲಿ, ಸಾದಾ ಅಕ್ಷರದಲ್ಲಿ ಬರ್ದು ವೆಬ್ ಪೇಜು ಮಾಡ್ಕೊಳ್ಳೋ ಮಾರ್ಕ್‌ಡೌನ್ ತಂದ್ರಲ್ಲ, ಸ್ಮಾರ್ಟಿಪ್ಯಾಂಟ್ಸ್ ಅನ್ನೋದೂ ಅವರದ್ದೇ, ನೇರ ಕೋಟ್ ಚಿಹ್ನೇನ ಚೆಂದದ ಬಾಗಿದ ಕೋಟ್ ಮಾಡುತ್ತೆ, ಎರಡು ಹೈಫನ್ ಇದ್ರೆ ಒಂದು ಉದ್ದ ಡ್ಯಾಶ್ ಮಾಡುತ್ತೆ. ಇವತ್ತು ಎಷ್ಟೋ ಡಾಕ್ಯುಮೆಂಟೇಶನ್ ಟೂಲ್ ಒಳಗೆ ಇದೇ ಕೆಲಸ ನಡೀತಿರುತ್ತೆ. ಕತೆ ಕಾದಂಬರಿಗೆ ಬಹಳ ಒಳ್ಳೇದು, ಆದ್ರೆ ಕಂಪ್ಯೂಟರಿಗೆ ಟೈಪ್ ಮಾಡಿ ಕೊಡೋ ಟರ್ಮಿನಲ್ ಕಮಾಂಡಿಗೆ ವಿಷ, ಕಾಪಿ ಮಾಡಿ ಪೇಸ್ಟ್ ಮಾಡಿದ್ರೆ ಎರರ್, ಕಣ್ಣಲ್ಲಿ ನೋಡಿದ್ರೆ ಏನೂ ತಪ್ಪಿಲ್ಲ, ಓದುಗ ತಲೆ ಚಚ್ಕೋಬೇಕು. ಕೋಡ್ ಟ್ಯಾಗಿನ ಒಳಗಿರೋದನ್ನ ಮಾತ್ರ ಅದು ಮುಟ್ಟಲ್ಲ.

ಈಗ ಕನ್ನಡದ ಮೈಕಟ್ಟಿಗೆ ಬರೋಣ. ನಮ್ಮ ಅಕ್ಷರ ಮೇಲೂ ಬೆಳಿಯುತ್ತೆ, ಕೆಳಗೂ ಇಳಿಯುತ್ತೆ. "ರಾಷ್ಟ್ರೀಯ" ಅಂತ ಬರ್ದು ನೋಡಿ, ಷ ಕೆಳಗೆ ಟ ಒತ್ತು, ಅದರ ಜೊತೆ ರ ಒತ್ತು, ತಲೆ ಮೇಲೆ ಗುಡಿಸು. ಇಂಗ್ಲಿಷ್ ಥೀಮಲ್ಲಿ ಲೈನ್ ಹೈಟ್, ಅಂದ್ರೆ ಒಂದು ಸಾಲಿಗೆ ಅಕ್ಷರದ ಗಾತ್ರದ ಎಷ್ಟು ಪಟ್ಟು ಜಾಗ ಅನ್ನೋದು, 1.3, 1.4 ಇರುತ್ತೆ, ಮೇಲಿನ ಸಾಲಿನ ಒತ್ತು ಬಂದು ಕೆಳಗಿನ ಸಾಲಿನ ಗುಡಿಸಿಗೆ ಡಿಕ್ಕಿ ಹೊಡಿಯುತ್ತೆ. ನಾನು 1.7ರ ಆಸುಪಾಸು ಇಡ್ತೀನಿ, ಪಿಕ್ಸೆಲ್ ಲೆಕ್ಕದಲ್ಲಿ ಅಲ್ಲ, ಯೂನಿಟ್ಟೇ ಇಲ್ದೆ ಬರೀ ಸಂಖ್ಯೆ, ಆಗ ಹೆಡಿಂಗ್ ದೊಡ್ಡದಾದ್ರೆ ಅದರ ಅಳತೆಗೆ ತಕ್ಕ ಜಾಗ ಅದೇ ಲೆಕ್ಕ ಹಾಕ್ಕೊಳುತ್ತೆ. ವೆಬ್ ಪೇಜು ಎಲ್ರಿಗೂ ಬಳಸೋಕೆ ಆಗ್ಬೇಕು ಅಂತ 2018ರಲ್ಲಿ ಬಂದ ಡಬ್ಲ್ಯುಸಿಎಜಿ 2.1 ಮಾರ್ಗಸೂಚೀಲೂ, ಓದುಗ ಲೈನ್ ಹೈಟನ್ನ 1.5ಕ್ಕೆ ಏರಿಸ್ಕೊಂಡ್ರೂ ಪೇಜಲ್ಲಿ ಏನೂ ಮುಚ್ಚಿಹೋಗ್ಬಾರ್ದು ಅಂತಿದೆ. ಕನ್ನಡಕ್ಕೆ ಅದು ಶುರುವಾಗೋ ಜಾಗ ಅಂದ್ಕೊಳ್ಳಿ.

ಬಟನ್ನಿನ ವಿಷ್ಯ ಒಂಚೂರು ಹತ್ರದಿಂದ ನೋಡೋಣ. ಸೇವ್ ಮಾಡೋ ಬಟನ್ ಮೇಲೆ "ಉಳಿಸಿ", ಡಿಲೀಟ್ ಬಟನ್ ಮೇಲೆ "ಅಳಿಸಿ". ಒಂದೇ ಅಕ್ಷರದ ವ್ಯತ್ಯಾಸ, ಮಿಕ್ಕಿದ್ದೆಲ್ಲ ಅದೇ. ಅದನ್ನ 12 ಪಿಕ್ಸೆಲ್ಲಲ್ಲಿ ಬೋಲ್ಡ್ ಹೊಡೀರಿ, ಅಕ್ಷರದ ಒಳಗಿನ ಕಿಂಡಿ ಎಲ್ಲ ಮುಚ್ಚಿಕೊಂಡು ಅ ಯಾವುದು ಉ ಯಾವುದು ಅಂತ ಕನ್ನಡಕ ಹಾಕಿದೋರು ಹುಡುಕ್ಬೇಕು. ಒಬ್ಬ ಮನುಷ್ಯ ವರ್ಷದ ಲೆಕ್ಕಾನೇ ಅಳಿಸಿಬಿಡಬಹುದು! ಬಟನ್ನಲ್ಲಿ ಕನ್ನಡ 16 ಪಿಕ್ಸೆಲ್ಲಿಗಿಂತ ಕಡಿಮೆ ಬೇಡ, ದಪ್ಪ ಬೇಕಿದ್ರೆ ಫಾಂಟ್ ವೇಟ್ 600 ಸಾಕು, ಅಳಿಸೋ ಬಟನ್ನಿಗೆ ಬಣ್ಣಾನೂ ಬೇರೆ, ಐಕಾನೂ ಬೇರೆ. ಬಟನ್ನಿಗೆ ಎತ್ತರ ಫಿಕ್ಸ್ ಮಾಡಿ, ಆಚೆ ಚಾಚಿದ್ದನ್ನ ಮರೆಮಾಡೋ ಓವರ್‌ಫ್ಲೋ ಹಿಡನ್ ಹಾಕೋರಂತೂ ಗುಡಿಸಿನ ತಲೇನೇ ಕತ್ತರಿಸ್ತಾರೆ. ಅದಕ್ಕೇ ಹೇಳೋದು, ಮೊದಲು ಕನ್ನಡ ಹಾಕಿ ನೋಡಿ, ಆಮೇಲೆ ಥೀಮ್ ಓಕೆ ಮಾಡಿ.

ಹೆಡಿಂಗಲ್ಲೂ ಇದೇ ಕತೆ. ಥೀಮ್ ಮಾಡಿದೋರು ಸಣ್ಣ ಹೆಡಿಂಗಿಗೆ ಅಪ್ಪರ್‌ಕೇಸ್, ಜೊತೆಗೆ ಲೆಟರ್ ಸ್ಪೇಸಿಂಗ್ ಹಾಕಿರ್ತಾರೆ, ಇಂಗ್ಲಿಷಲ್ಲಿ ಅಷ್ಟರಿಂದಲೇ ಹೆಡಿಂಗ್ ಅಂತ ಗೊತ್ತಾಗುತ್ತೆ. ನಮ್ಮಲ್ಲಿ ದೊಡ್ಡಕ್ಷರ ಸಣ್ಣಕ್ಷರ ಇಲ್ವೇ ಇಲ್ಲ, ಹೆಡಿಂಗ್ ಹೋಗಿ ಪ್ಯಾರಾ ಜೊತೆ ಸೇರ್ಕೊಳುತ್ತೆ, ಮೇಲಿಂದ ಲೆಟರ್ ಸ್ಪೇಸಿಂಗ್ ಬಂದು ಪದ ಹಲ್ಲು ಉದುರಿದ ಹಾಗೆ ಕಾಣುತ್ತೆ. ಕನ್ನಡಕ್ಕೆ ಲೆಟರ್ ಸ್ಪೇಸಿಂಗ್ ಸೊನ್ನೆ ಮಾಡಿ, ಹೆಡಿಂಗನ್ನ ಗಾತ್ರದಲ್ಲಿ, ದಪ್ಪದಲ್ಲಿ, ಮೇಲೆ ಬಿಡೋ ಜಾಗದಲ್ಲಿ ತೋರ್ಸಿ. ಇಟಾಲಿಕ್ಕೂ ಅಷ್ಟೆ, ಬಹುತೇಕ ಕನ್ನಡ ಫಾಂಟಲ್ಲಿ ಇಟಾಲಿಕ್ ಇರಲ್ಲ, ಬ್ರೌಸರೇ ನೆಟ್ಟಗಿರೋ ಅಕ್ಷರಾನ ಬಲವಂತವಾಗಿ ವಾಲಿಸುತ್ತೆ. ಕನ್ನಡಕ್ಕೆ ಮಾತ್ರ ತಾಗೋ ಹಾಗೆ ಸಿಎಸ್‌ಎಸ್‌ನಲ್ಲಿ ಲ್ಯಾಂಗ್ ಕೆಎನ್ ಅಂತ ಸೆಲೆಕ್ಟರ್ ಬರ್ದು ಅಲ್ಲಿ ಇಟಾಲಿಕ್ ತೆಗ್ದು ಸ್ವಲ್ಪ ದಪ್ಪ ಮಾಡಿ, ಒತ್ತು ಕೊಟ್ಟಿದ್ದೂ ಗೊತ್ತಾಗುತ್ತೆ, ಅಕ್ಷರಾನೂ ಉಳಿಯುತ್ತೆ. ಲಿಂಕಿನ ಅಡಿಗೆರೆ ಒತ್ತಕ್ಷರದ ಮಧ್ಯೆ ತುಂಡುತುಂಡಾಗುತ್ತೆ, ಅಂಡರ್‌ಲೈನ್ ಆಫ್‌ಸೆಟ್ ಕೊಟ್ಟು ಕೆಳಗೆ ಇಳಿಸಿ.

ಇನ್ನು ಉದ್ದ ಪದಗಳು. "ಅಳವಡಿಸಿಕೊಳ್ಳಬೇಕಾಗಿರುವುದರಿಂದ" ಅಂತ ಒಂದೇ ಪದ ಫೋನಿನ ಅರ್ಧ ಸಾಲು ತಿನ್ನುತ್ತೆ. ಪದ ಆಚೆ ಹೋಗುತ್ತಲ್ಲ ಅಂತ ಬ್ರೇಕ್ ಆಲ್ ಹಾಕ್ತಾರೆ, ಆಗ ಮುರೀಬೇಕಿಲ್ದ ಕಡೇಲೂ ಪದ ಮುರಿಯುತ್ತೆ, ಮಾವನ ಮೆಸೇಜ್ ಎರಡು ಸಾಲಾಗಿದ್ದೂ ಹೀಗೇ. ಓವರ್‌ಫ್ಲೋ ರ್‍ಯಾಪ್ ಹಾಕಿದ್ರೆ ಬೇರೆ ದಾರಿ ಇಲ್ದಾಗ ಮಾತ್ರ ಮುರಿಯುತ್ತೆ. ಎರಡೂ ಅಂಚು ಸಮ ಬರೋ ಹಾಗೆ ಜಸ್ಟಿಫೈ ಮಾಡ್ಬೇಡಿ, ಪದಗಳ ಮಧ್ಯೆ ಗುಂಡಿ ಬೀಳುತ್ತೆ, ಎಡಕ್ಕೆ ಜೋಡಿಸಿ ಬಲಕ್ಕೆ ಹಾಗೇ ಬಿಡಿ. ಬರವಣಿಗೇಲೇ "ಅಳವಡಿಸಬೇಕು, ಅದಕ್ಕೇ" ಅಂತ ಒಡೆದ್ರೆ ಇನ್ನೂ ಒಳ್ಳೇದು, ಬರಿಯೋರೂ ಸ್ಟೈಲ್ ಮಾಡೋರೂ ಒಂದೇ ಟೇಬಲ್ಲಲ್ಲಿ ಕೂರ್ಬೇಕು ಅನ್ನೋದು ಇದಕ್ಕೇ.

ಚೀಟಿ ಬಂತು, ಟೈಮ್ ಆಯ್ತಂತೆ. ಫಾಂಟ್ ಬಗ್ಗೆ ಅರ್ಧ ಗಂಟೆ ಇಟ್ಕೊಂಡಿದ್ದೆ, ಬೇಗ ಹೇಳ್ತೀನಿ. ಒಂದು ಕಾಲದಲ್ಲಿ ಬರಹ, ನುಡಿ ಫಾಂಟ್ ಹಾಕ್ಕೊಂಡಿಲ್ದಿದ್ರೆ ಪೇಜೆಲ್ಲ ಕಲಸುಮೇಲೋಗರ, ಈಗ ಯೂನಿಕೋಡ್ ಬಂದು ಆ ಕಷ್ಟ ಇಲ್ಲ, ನೋಟೋ ಸ್ಯಾನ್ಸ್ ಕನ್ನಡ ಬೇರೆಬೇರೆ ದಪ್ಪದಲ್ಲಿ ಪುಕ್ಕಟೆ ಸಿಗುತ್ತೆ, ವಿಂಡೋಸಲ್ಲಿ ನಿರ್ಮಲಾ ಯುಐ ಇದ್ದೇ ಇರುತ್ತೆ. ಇಂಗ್ಲಿಷ್ ಫಾಂಟ್ ಮೊದಲು, ಕನ್ನಡ ಆಮೇಲೆ ಹೆಸರಿಸಿ, ಎರಡರ ಗಾತ್ರ ಹೊಂದದಿದ್ರೆ ಸೈಜ್ ಅಡ್ಜಸ್ಟ್ ಇದೆ. ಕೋಡ್ ಒಳಗೆ ಕನ್ನಡ ಕಾಮೆಂಟ್ ಬರೀರಿ, ಖಂಡಿತ ಬರೀರಿ, ಆದ್ರೆ ಸ್ಪೇಸ್ ಹೊಡ್ದು ಕಾಲಂ ಜೋಡಿಸೋಕೆ ಹೋಗ್ಬೇಡಿ, ಕನ್ನಡ ಅಕ್ಷರದ ಅಗಲ ಒಂದೇ ಸಮ ಇರಲ್ಲ, ಅದಕ್ಕೆ ಟೇಬಲ್ ಹಾಕಿ.

ಅಕ್ಷರದ ಬಣ್ಣಕ್ಕೂ ಹಿನ್ನೆಲೆ ಬಣ್ಣಕ್ಕೂ ಕಾಂಟ್ರಾಸ್ಟ್ 4.5ಕ್ಕೆ 1 ಇರ್ಲೇಬೇಕು, ನಮ್ಮ ಓದುಗರು ಬಿಸಿಲಲ್ಲಿ, ತೋಟದಲ್ಲಿ, ಬಸ್ ಸ್ಟ್ಯಾಂಡಲ್ಲಿ ಓದ್ತಾರೆ, ತಿಳಿ ಬೂದು ಅಕ್ಷರ ಅವರಿಗಲ್ಲ. ಎಚ್ಚರಿಕೆ ಅಂತ ಇದ್ರೆ ಬರೀ ಕೆಂಪು ಬಣ್ಣ ಸಾಲದು, "ಎಚ್ಚರಿಕೆ" ಅಂತ ಬರೀರಿ. ಪೇಜಿನ ಭಾಷೆ ಯಾವುದು ಅಂತ ಹೇಳೋ ಲ್ಯಾಂಗ್ ಅಟ್ರಿಬ್ಯೂಟ್ ಮರೀಬೇಡಿ, ಕಣ್ಣು ಕಾಣದೋರು ಸ್ಕ್ರೀನ್ ಓದಿ ಹೇಳೋ ಎನ್‌ವಿಡಿಎ ಹಾಕ್ಕೊಂಡು ಕೇಳ್ತಾರೆ, ಪೇಜು ಕನ್ನಡದ್ದು ಅಂತ ಅದಕ್ಕೆ ತಿಳಿಯೋದು ಅಲ್ಲಿರೋ ಕೆಎನ್ ಅನ್ನೋ ಎರಡಕ್ಷರದಿಂದ.

ಪಕ್ಕದ ಲ್ಯಾಬಲ್ಲಿ ಸಿಸ್ಟಮ್ ಆನ್ ಮಾಡಿಟ್ಟಿದಾರೆ. ನಿಮ್ಮನಿಮ್ಮ ಪೇಜು ತೆಗೀರಿ, 200 ಪರ್ಸೆಂಟ್ ಜೂಮ್ ಮಾಡಿ, ಆಮೇಲೆ ಫೋನಿನ ಅಗಲಕ್ಕೆ ಕಿರಿದು ಮಾಡಿ, ಎಲ್ಲಿ ಒತ್ತು ಕಟ್ಟಾಗಿದೆ, ಎಲ್ಲಿ ಕಮಾಂಡ್ ಮುರಿದಿದೆ ಗುರುತು ಹಾಕ್ಕೊಳ್ಳಿ. ಪ್ರಶ್ನೆ ಅಲ್ಲೇ ಕೇಳಿ, ನಾನು ಸಂಜೆವರೆಗೂ ಇರ್ತೀನಿ.