ಕಣ್ಣು ಹೂವಿನ ಮೇಲಿರಲಿ

ಕೇಳುಗರೆಲ್ಲರಿಗೂ ನಮಸ್ಕಾರ. "ನನಗೆ ಚಿತ್ರ ಬರೆಯೋಕೆ ಬರಲ್ಲ" ಎಂದು ರೇಡಿಯೋ ಆರಿಸಬೇಡಿ. ಹೂವು, ಎಲೆ ನೋಡಿ ಬರೆಯುವ ಬಗೆಗಿನ ಈ ಮಾತು ನಿಮಗಾಗಿಯೇ. ಚಿತ್ರ ಚೆನ್ನಾಗಿ ಬರಬೇಕಿಲ್ಲ. ನೋಡುವುದು ಬಂದರೆ ಸಾಕು.

ದಾಸವಾಳ ನೋಡಿದ್ದೀರಿ, ಅಲ್ವಾ? ಐದು ಎಸಳು ಅಂತ ಗೊತ್ತು. ಅವು ಹೇಗೆ ಕೂತಿವೆ? ಪ್ರತಿ ಎಸಳಿನ ಒಂದು ಅಂಚು ಪಕ್ಕದ ಎಸಳಿನ ಮೇಲೆ, ಇನ್ನೊಂದು ಅಂಚು ಆಚೆ ಪಕ್ಕದ್ದರ ಕೆಳಗೆ. ಸುತ್ತಲೂ ಹಾಗೇ. ಬ್ರಷ್ ಹಿಡಿದವರಿಗೆ ಇದು ಕಂಡೇ ಕಾಣುತ್ತದೆ. ಯಾವ ಅಂಚು ಮೇಲೆ ಎಂದು ನೋಡದೆ ಗೆರೆ ಎಳೆಯೋಕೇ ಆಗುವುದಿಲ್ಲವಲ್ಲ! ಮೊಬೈಲಿನಲ್ಲಿ ಫೋಟೋ ತೆಗೆದರೆ ನೋಡಿದ್ದು ಕ್ಯಾಮೆರಾ, ನೀವಲ್ಲ.

ಮರಿಯಾ ಸಿಬಿಲ್ಲಾ ಮೆರಿಯನ್ ಕಥೆ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. 1647ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ಹುಟ್ಟಿದ ಚಿತ್ರಗಾರ್ತಿ ಈಕೆ. 13ನೇ ವಯಸ್ಸಿಗೇ ರೇಷ್ಮೆಹುಳುಗಳ ಹಿಂದೆ ಬಿದ್ದರು. ಹುಳುಗಳು ಕೆಸರಿನಿಂದ, ಕೊಳೆತದ್ದರಿಂದ ತಾವಾಗಿಯೇ ಹುಟ್ಟುತ್ತವೆ ಎಂದು ಆಗ ಓದಿದವರೂ ನಂಬುತ್ತಿದ್ದರು. ಈಕೆ ವಾದಕ್ಕೆ ಹೋಗಲಿಲ್ಲ. ಕಂಬಳಿಹುಳುಗಳನ್ನು ತಂದು ಸಾಕಿದರು. ಮೊಟ್ಟೆ, ಹುಳು, ಕೋಶ, ಚಿಟ್ಟೆ, ಒಂದೊಂದನ್ನೂ ಕಂಡ ಹಾಗೇ ಬಣ್ಣದಲ್ಲಿ ಬರೆದರು. ಎಷ್ಟೋ ಹುಳುಗಳು ತಮ್ಮ ಗಿಡದ ಎಲೆ ಬಿಟ್ಟು ಬೇರೆ ಮುಟ್ಟುವುದಿಲ್ಲ ಎಂಬುದೂ ಕಣ್ಣಿಗೆ ಬಿತ್ತು. ಅದಕ್ಕೇ ಹುಳು ಮತ್ತು ಅದರ ಗಿಡ ಒಂದೇ ಹಾಳೆಯಲ್ಲಿ! ಹುಳು ಕಡಿದ ಎಲೆಯ ತೂತುಗಳನ್ನೂ ಬಿಡಲಿಲ್ಲ. 1699ರಲ್ಲಿ, 52ನೇ ವಯಸ್ಸಿನಲ್ಲಿ, ಕಿರಿಯ ಮಗಳ ಜೊತೆ ಹಡಗು ಹತ್ತಿ ದಕ್ಷಿಣ ಅಮೆರಿಕದ ಸುರಿನಾಮ್‌ಗೆ ಹೋದರು. ಯಾಕೆ? ಅಲ್ಲಿನ ಹುಳುಗಳನ್ನು ನೋಡೋಕೆ! ಕಾಯಿಲೆ ಬಿದ್ದು 1701ರಲ್ಲಿ ಹಿಂದಿರುಗಿದರು, ಆದರೂ ಕೆಲಸ ಬಿಡಲಿಲ್ಲ. 1705ರಲ್ಲಿ ಆ ಚಿತ್ರಗಳು ದೊಡ್ಡ ಪುಸ್ತಕವಾಗಿ ಬಂದವು. ಇಷ್ಟೆಲ್ಲ ಶುರುವಾಗಿದ್ದು ನೋಡುವುದರಿಂದ.

ಮೆರಿಯನ್ ಬಗ್ಗೆ ಹೇಳುತ್ತಾ ಹೊತ್ತು ಹೋಯಿತು. ಬಣ್ಣದ ಬಗ್ಗೆ ಎರಡೇ ಮಾತು. ಟ್ಯೂಬಿನ ಹಸಿರನ್ನು ಹಾಗೇ ಬಳಿಯಬೇಡಿ. ಎಲೆಯ ಮೇಲಿನ ಹಸಿರೇ ಬೇರೆ, ಅಡಿಯ ಹಸಿರೇ ಬೇರೆ. ಹಳದಿ, ನೀಲಿ ಕಲಸಿ, ಎಲೆಯ ಪಕ್ಕ ಹಿಡಿದು ನೋಡಿ. ಮತ್ತೆ, ನೆರಳು ಅಂದ ಕೂಡಲೇ ಕಪ್ಪು ಬಳಿಯಬೇಡಿ. ನೆರಳಿನಲ್ಲೂ ಬಣ್ಣವಿದೆ, ನೋಡಿ ದಯವಿಟ್ಟು!

ನಾಳೆ ಬೆಳಿಗ್ಗೆ ಒಂದೇ ಎಲೆ ತನ್ನಿ. ಪೆನ್ಸಿಲ್ ಸಾಕು. ನಡುನರದಿಂದ ಪಕ್ಕದ ನರಗಳು ಎದುರುಬದುರು ಹೊರಟಿವೆಯೋ, ಒಂದು ಮೇಲೆ ಒಂದು ಕೆಳಗೆ ಹೊರಟಿವೆಯೋ? ಅದನ್ನು ನೋಡಿದ ಮೇಲೆ ಮೊದಲ ಗೆರೆ ಎಳೆಯಿರಿ. ಮಕ್ಕಳು ಪಕ್ಕದಲ್ಲಿದ್ದರೆ ಅವರಿಗೂ ಒಂದೊಂದು ಎಲೆ ಕೊಡಿ, ರಬ್ಬರ್ ಮಾತ್ರ ಕೊಡಬೇಡಿ. ನಮಸ್ಕಾರ.