ಚಿಕ್ಕ ಕಾರಿನ ಸವೆದ ಬುಷ್‌ಗಳನ್ನು ಮನೆಯಲ್ಲೇ ಬದಲಾಯಿಸುವ ಬಗೆ

ಶ್ರೋತೃಗಳಿಗೆ ನಮಸ್ಕಾರ.

1983ರ ಡಿಸೆಂಬರಿನಲ್ಲಿ ರಸ್ತೆಗಿಳಿದ ಮಾರುತಿ 800 ಕಾರಿನ ತಯಾರಿಕೆ 2014ರ ಜನವರಿಯಲ್ಲಿ ನಿಂತಿತು. ಆದರೂ ನಮ್ಮ ತಾಲ್ಲೂಕು ಕೇಂದ್ರಗಳಲ್ಲಿ, ಮಲೆನಾಡಿನ ತೋಟದ ಮನೆಗಳ ಅಂಗಳದಲ್ಲಿ ಈ ಕಾರು ಇಂದಿಗೂ ಕಾಣಸಿಗುತ್ತದೆ. ಅದರ 796 ಸಿಸಿ ಎಂಜಿನ್ನು ಇನ್ನೂ ಗಟ್ಟಿಮುಟ್ಟಾಗಿದ್ದರೂ, ಹಂಪ್ ದಾಟುವಾಗ ಮುಂಭಾಗದಿಂದ ಟಕ್ ಟಕ್ ಎಂಬ ಸದ್ದು ಬರುತ್ತದೆ, ಸ್ಟೀರಿಂಗ್ ಒಂದು ಕಡೆಗೆ ಎಳೆಯುತ್ತದೆ ಎಂಬ ಕಾರಣಕ್ಕೆ ಗಾಡಿಗೆ ವಯಸ್ಸಾಯಿತೆಂದು ತೀರ್ಮಾನಿಸಿ ಕೈಬಿಡುವವರು ಬಹಳ ಮಂದಿ ಇದ್ದಾರೆ. ಇಂಥ ಗಾಡಿಗಳಲ್ಲಿ ಅನೇಕ ಸಲ ಹಾಳಾಗಿರುವುದು ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕ ರಬ್ಬರ್ ಬುಷ್‌ಗಳು, ಅಂದರೆ ಲೋಹದ ಭಾಗಗಳು ಕೂಡುವಲ್ಲಿ ನಡುವೆ ಕೂರುವ ರಬ್ಬರ್ ತುಂಡುಗಳು ಮಾತ್ರ. ಅವುಗಳನ್ನು ಮನೆಯಲ್ಲೇ, ಅವಸರವಿಲ್ಲದೆ, ಕ್ರಮ ತಪ್ಪದೆ ಬದಲಾಯಿಸುವ ಬಗೆಯನ್ನು ಇಂದು ವಿವರಿಸುತ್ತೇನೆ.

ಮೊದಲು ಆ ಜಾಗದ ರಚನೆಯನ್ನು ಮನಸ್ಸಿನಲ್ಲಿ ಚಿತ್ರಿಸಿಕೊಳ್ಳಬೇಕು. ಮುಂದಿನ ಚಕ್ರದ ಮೇಲ್ಭಾಗವನ್ನು ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಸೇರಿದ ಒಂದು ಕಂಬ ಹಿಡಿದಿರುತ್ತದೆ. 1940ರ ದಶಕದಲ್ಲಿ ಅಮೆರಿಕದ ಎಂಜಿನಿಯರ್ ಅರ್ಲ್ ಮ್ಯಾಕ್‌ಫರ್ಸನ್ ರೂಪಿಸಿದ ಈ ವಿನ್ಯಾಸ ಇಂದಿನ ಹೆಚ್ಚಿನ ಚಿಕ್ಕ ಕಾರುಗಳಲ್ಲಿದೆ. ಚಕ್ರದ ಕೆಳಭಾಗವನ್ನು ಲೋಯರ್ ಆರ್ಮ್ ಎಂಬ ಉಕ್ಕಿನ ತೋಳು ಹಿಡಿದಿರುತ್ತದೆ. ಅದರ ಹೊರತುದಿಯಲ್ಲಿ ಬಾಲ್ ಜಾಯಿಂಟ್ ಎಂಬ, ಗುಂಡಿನಂತೆ ಎಲ್ಲ ಕಡೆಗೂ ತಿರುಗುವ ಕೀಲು ಇದ್ದರೆ, ಒಳತುದಿಯಲ್ಲಿ ಬುಷ್ ಇದ್ದು, ಅದರ ನಡುವೆ ಹಾಯ್ದ ಒಂದೇ ಬೋಲ್ಟ್ ಅದನ್ನು ಗಾಡಿಯ ಒಡಲಿಗೆ ಸೇರಿಸುತ್ತದೆ. ಒಂದೇ ಬೋಲ್ಟಿನ ಮೇಲೆ ನಿಂತ ತೋಳು ಹಿಂದಕ್ಕೂ ಮುಂದಕ್ಕೂ ತೂಗಾಡದಂತೆ ನೋಡಿಕೊಳ್ಳುವುದು, ಗಾಡಿಯ ಮುಂಭಾಗದಲ್ಲಿ ಅಡ್ಡಲಾಗಿ ಹಾಯ್ದು ಎರಡೂ ತುದಿಗಳನ್ನು ಹಿಂದಕ್ಕೆ ಬಾಗಿಸಿ ಎರಡೂ ತೋಳುಗಳಿಗೆ ಪೋಣಿಸಿರುವ ಸ್ಟೆಬಿಲೈಸರ್ ಬಾರ್. ಆ ಬಾರಿನ ತುದಿಗಳಲ್ಲೂ, ಅದನ್ನು ಒಡಲಿಗೆ ಬಿಗಿದಿರುವ ಕ್ಲಾಂಪುಗಳ ಒಳಗೂ ರಬ್ಬರ್ ಬುಷ್‌ಗಳಿವೆ. ಬ್ರೇಕ್ ಒತ್ತಿದಾಗ ರಸ್ತೆ ಚಕ್ರವನ್ನು ಹಿಂದಕ್ಕೆ ಎಳೆಯುತ್ತದೆ. ಬಾರಿನ ತುದಿಯ ಬುಷ್ ಸವೆದಿದ್ದರೆ ಚಕ್ರ ನಿಜವಾಗಿಯೂ ಅಷ್ಟು ಹಿಂದೆ ಸರಿಯುತ್ತದೆ. ಎಡಬಲಗಳ ಸವೆತ ಸಮವಾಗಿಲ್ಲದಿದ್ದರೆ, ಬ್ರೇಕ್ ಹಾಕಿದಾಗಲೆಲ್ಲ ಗಾಡಿ ಒಂದು ಮಗ್ಗುಲಿಗೆ ವಾಲುತ್ತದೆ. ಇದು ಸದ್ದಿನ ಕಿರಿಕಿರಿಯಷ್ಟೇ ಅಲ್ಲ, ಸುರಕ್ಷತೆಯ ಪ್ರಶ್ನೆ. ಶಿರಾಡಿ ಘಾಟಿಯಂಥ ಇಳಿಜಾರಿನಲ್ಲಿ ಅದರ ಬೆಲೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಬುಷ್ ಕೆಲಸ ಮಾಡುವ ಬಗೆ. ಇದನ್ನು ತಿಳಿಯದೆ ಮಾಡಿದ ದುರಸ್ತಿ ಬಾಳಿಕೆ ಬರುವುದಿಲ್ಲವಾದ್ದರಿಂದ ಇಲ್ಲಿ ಸ್ವಲ್ಪ ನಿಲ್ಲೋಣ. ತೋಳಿನ ಒಳತುದಿಯ ಬುಷ್‌ನ ನಟ್ಟನಡುವೆ ಒಂದು ಉಕ್ಕಿನ ಕೊಳವೆ ಇದೆ. ಅದರ ಸುತ್ತ ದಪ್ಪ ರಬ್ಬರ್ ಇದೆ. ಆ ರಬ್ಬರ್ ತೋಳಿನ ಕಣ್ಣಿನೊಳಗೆ, ಅಂದರೆ ಅದರ ತುದಿಯ ದುಂಡನೆಯ ತೂತಿನೊಳಗೆ ಬಿಗಿಯಾಗಿ ಕೂತಿದೆ. ಬೋಲ್ಟನ್ನು ಬಿಗಿದಾಗ ನಡುವಿನ ಕೊಳವೆ ಎರಡೂ ಕಡೆಯ ತಗಡುಗಳ ನಡುವೆ ಸಿಕ್ಕಿ ಅಲುಗದಂತೆ ನಿಲ್ಲುತ್ತದೆ. ಚಕ್ರ ಮೇಲೆ ಕೆಳಗೆ ಆಡಿದಾಗ ತೋಳು ಬೋಲ್ಟಿನ ಸುತ್ತ ಬಾಗಿಲ ಕೀಲಿನಂತೆ ಜಾರುತ್ತದೆಂದು ಅನೇಕರು ಭಾವಿಸುತ್ತಾರೆ. ಹಾಗಲ್ಲ. ಅಲ್ಲಿ ಯಾವುದೂ ಜಾರುವುದಿಲ್ಲ. ಕೊಳವೆ ನಿಂತಲ್ಲೇ ನಿಂತು, ತೋಳಿನ ಕಣ್ಣು ತಿರುಗಿ, ನಡುವಿನ ರಬ್ಬರ್ ತಿರುಚಿಕೊಂಡು ಮತ್ತೆ ತನ್ನ ನೆಲೆಗೆ ಮರಳುತ್ತದೆ. ಜಾರುವಿಕೆಯೇ ಇಲ್ಲದ್ದರಿಂದ ಗ್ರೀಸ್ ಬೇಕಾಗಿಲ್ಲ, ಧೂಳಿನ ಭಯವಿಲ್ಲ, ವರ್ಷಗಟ್ಟಲೆ ಆರೈಕೆ ಇಲ್ಲದೆ ನಡೆಯುತ್ತದೆ. ಇಷ್ಟು ಅಗ್ಗದ ವಸ್ತುವಿನಲ್ಲಿ ಇಷ್ಟು ಸೊಗಸಾದ ಯೋಚನೆ ಅಡಗಿದೆಯಲ್ಲ ಎಂದು ನನಗೆ ಪ್ರತಿ ಸಲವೂ ಸಂತೋಷವಾಗುತ್ತದೆ.

ಅದರ ಆಯಸ್ಸನ್ನು ತಿನ್ನುವ ಶತ್ರುಗಳು ಮುಖ್ಯವಾಗಿ ಮೂರು: ಕಾಲ, ಎಣ್ಣೆ ಮತ್ತು ಅತಿಯಾದ ತಿರುಚು. ಸುಳ್ಯ, ಬೆಳ್ತಂಗಡಿ ಕಡೆಯ ತೋಟಗಳಲ್ಲಿ ಇಳಿಸುವ ರಬ್ಬರ್ ಹಾಲಿನಿಂದಲೇ ಸ್ವಾಭಾವಿಕ ರಬ್ಬರ್ ಹುಟ್ಟುವುದು. ಗಂಧಕ ಬೆರೆಸಿ ಕಾಯಿಸಿದಾಗ ಅದಕ್ಕೆ ಬಲ ಬರುತ್ತದೆಯಾದರೂ, ಎಂಜಿನ್ ಆಯಿಲ್, ಡೀಸೆಲ್, ಮಾಮೂಲಿ ಗ್ರೀಸ್ ಇವುಗಳನ್ನು ಹೀರಿ ಉಬ್ಬಿ ಮೆತ್ತಗಾಗುವ ಅದರ ಗುಣ ಹೋಗುವುದಿಲ್ಲ. ಸದ್ದು ನಿಲ್ಲಲೆಂದು ಬುಷ್‌ಗೆ ಸುಟ್ಟ ಆಯಿಲ್ ಬಿಡುವ ರೂಢಿ ಕೆಲವು ಕಡೆ ಇದೆ. ಎರಡು ದಿನ ಸದ್ದು ಅಡಗಬಹುದು, ಆದರೆ ಬುಷ್ ಇನ್ನಷ್ಟು ಬೇಗ ಕೆಡುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ.

ಸದ್ದು ಬುಷ್‌ನಿಂದಲೇ ಬರುತ್ತಿದೆಯೆಂದು ಖಚಿತಪಡಿಸಿಕೊಳ್ಳದೆ ಸ್ಪ್ಯಾನರ್ ಎತ್ತಿಕೊಳ್ಳಬಾರದು. ಬಾಲ್ ಜಾಯಿಂಟ್, ಶಾಕ್ ಅಬ್ಸಾರ್ಬರಿನ ಮೇಲಿನ ಮೌಂಟಿಂಗ್, ಸ್ಟೀರಿಂಗನ್ನು ಚಕ್ರಕ್ಕೆ ಜೋಡಿಸುವ ಟೈ ರಾಡಿನ ತುದಿ, ಇವೆಲ್ಲವೂ ಹೆಚ್ಚುಕಡಿಮೆ ಇಂಥದೇ ಸದ್ದು ಮಾಡುತ್ತವೆ. ಗಾಡಿಯನ್ನು ಭದ್ರವಾಗಿ ಎತ್ತಿ ನಿಲ್ಲಿಸಿ, ತೋಳಿನ ಒಳತುದಿಗೂ ಅದು ಕೂತಿರುವ ತಗಡಿಗೂ ನಡುವೆ ಟಾಮಿ ಎಂಬ ಉಕ್ಕಿನ ಸರಳನ್ನಿಟ್ಟು ಮೆಲ್ಲಗೆ ಮೀಟಿ ನೋಡಿ. ಒಳ್ಳೆಯ ಬುಷ್ ಕೊಂಚ ಬಾಗಿ ಒಡನೆ ಮರಳುತ್ತದೆ. ಕೆಟ್ಟದ್ದು ಸಡಿಲವಾಗಿ ಅತ್ತಿತ್ತ ಸರಿಯುತ್ತದೆ, ಕೊಳವೆ ನಡುವಿನಿಂದ ಒಂದು ಬದಿಗೆ ಸರಿದಿರುವುದು ಕಣ್ಣಿಗೇ ಕಾಣುತ್ತದೆ. ಮೇಲ್ಮೈಯಲ್ಲಿ ಕೂದಲೆಳೆಯಂಥ ಬಿರುಕುಗಳಿದ್ದ ಮಾತ್ರಕ್ಕೆ ಬುಷ್ ಹೋಯಿತೆಂದು ಅರ್ಥವಲ್ಲ. ಬಿರುಕು ಒಳಗಿಳಿದು ರಬ್ಬರ್ ಕೊಳವೆಯಿಂದ ಕಿತ್ತು ಬಂದಿದ್ದರೆ ಅದರ ಕಾಲ ಮುಗಿದಿದೆ. ಟೈರಿನ ಒಂದೇ ಅಂಚು ಸವೆದಿರುವುದೂ ಒಂದು ಸೂಚನೆ, ಆದರೆ ಅದಕ್ಕೆ ಬೇರೆ ಕಾರಣಗಳೂ ಇರಬಹುದು.

ಬಿಡಿಭಾಗಗಳು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಮಾತ್ರವಲ್ಲ, ಯಾವುದೇ ಜಿಲ್ಲಾ ಕೇಂದ್ರದ ಆಟೋಮೊಬೈಲ್ ಅಂಗಡಿಯಲ್ಲಿ ಸಿಗುತ್ತವೆ. ಎಡಬಲ ಎರಡೂ ಕಡೆಗೆ ಒಟ್ಟಿಗೇ ಕೊಳ್ಳಬೇಕು. ಒಂದು ಕಡೆ ಹೊಸದು, ಇನ್ನೊಂದು ಕಡೆ ಹಳೆಯದು ಇದ್ದರೆ ಗಾಡಿಯ ನಡೆ ಸಮನಾಗುವುದಿಲ್ಲ. ಬಾಲ್ ಜಾಯಿಂಟ್ ಕೂಡ ಸಡಿಲವಾಗಿದ್ದರೆ, ಬುಷ್ ಮತ್ತು ಜಾಯಿಂಟ್ ಎರಡನ್ನೂ ಕೂರಿಸಿಯೇ ಮಾರುವ ಇಡೀ ತೋಳನ್ನು ಕೊಳ್ಳುವುದೇ ಜಾಣತನ. ಪಾಲಿಯುರೆಥೇನ್ ಎಂಬ ಗಡುಸಾದ ವಸ್ತುವಿನ ಬುಷ್‌ಗಳನ್ನು ಕೆಲವರು ಹೊಗಳುತ್ತಾರೆ. ದಿನನಿತ್ಯ ಓಡಾಡುವ ಹಗುರವಾದ ಕಾರಿಗೆ, ನಮ್ಮ ರಸ್ತೆಗಳಿಗೆ ರಬ್ಬರೇ ಮೇಲು ಎಂಬುದು ನನ್ನ ಅಭಿಪ್ರಾಯ.

ಗಾಡಿ ಎತ್ತುವ ವಿಚಾರದಲ್ಲಿ ಯಾವ ರಿಯಾಯಿತಿಯೂ ಸಲ್ಲದು. ನೆಲ ಗಟ್ಟಿಯಾಗಿ, ಮಟ್ಟವಾಗಿ ಇರಬೇಕು. ಈ ಕಾರಿನಲ್ಲಿ ಎಂಜಿನ್ ಓಡಿಸುವುದು ಮುಂದಿನ ಚಕ್ರಗಳನ್ನು. ಅವು ಗಾಳಿಯಲ್ಲಿರುವಾಗ ಗೇರಿನಲ್ಲಿ ನಿಲ್ಲಿಸಿದ್ದರಿಂದ ಏನೂ ಪ್ರಯೋಜನವಿಲ್ಲ. ಗಾಡಿಯನ್ನು ಹಿಡಿದಿಡುವುದು ಹಿಂದಿನ ಚಕ್ರಗಳು ಮಾತ್ರ. ಆದ್ದರಿಂದ ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಎರಡೂ ಚಕ್ರಗಳಿಗೆ ಹಿಂದೆಯೂ ಮುಂದೆಯೂ ಕಲ್ಲು ಅಥವಾ ಮರದ ತುಂಡು ಕೊಡಬೇಕು. ಚಕ್ರದ ನಟ್ಟುಗಳನ್ನು ಎತ್ತುವ ಮೊದಲೇ ಅರ್ಧ ಸುತ್ತು ಸಡಿಲಿಸಿಕೊಳ್ಳಬೇಕು. ಬಳಿಕ ಜಾಕಿಯಿಂದ ಎತ್ತಿ, ಒಡಲಿನ ಗಟ್ಟಿ ಜಾಗಕ್ಕೆ ಎರಡೂ ಕಡೆ ಉಕ್ಕಿನ ಸ್ಟ್ಯಾಂಡ್ ಕೊಟ್ಟು, ಭಾರವನ್ನು ಅವುಗಳ ಮೇಲೆ ಇಳಿಸಬೇಕು. ಸ್ಟೆಪ್ನಿ ಬದಲಿಸಲು ಕೊಟ್ಟಿರುವ ಜಾಕಿಯೊಂದನ್ನೇ ನಂಬಿ ಗಾಡಿಯ ಕೆಳಗೆ ತಲೆ ಹಾಕುವುದು ಪ್ರಾಣಕ್ಕೆ ಎರವಾಗುವ ಕೆಲಸ. ಇಟ್ಟಿಗೆಯಾಗಲಿ ಟೊಳ್ಳು ಸಿಮೆಂಟ್ ಬ್ಲಾಕಾಗಲಿ ಮುನ್ಸೂಚನೆ ಕೊಡದೆ ಒಡೆಯುತ್ತವೆ, ಅವನ್ನು ಬಳಸಲೇಬೇಡಿ. ಕಳಚಿದ ಚಕ್ರವನ್ನು ಗಾಡಿಯ ಅಡಿಯಲ್ಲೇ ಮಲಗಿಸಿಟ್ಟರೆ ಅದು ಕೊನೆಯ ಆಸರೆಯಾಗುತ್ತದೆ. ಮುಂದಿನ ಎರಡೂ ಕಡೆಯನ್ನು ಒಟ್ಟಿಗೇ ಎತ್ತಿರಬೇಕೆಂಬುದಕ್ಕೆ ಇನ್ನೊಂದು ಕಾರಣವೂ ಇದೆ: ಒಂದೇ ಕಡೆ ಎತ್ತಿದರೆ ಸ್ಟೆಬಿಲೈಸರ್ ಬಾರ್ ತಿರುಚಿಕೊಂಡು, ನಟ್ಟು ಬಿಚ್ಚಿದೊಡನೆ ಚಿಮ್ಮುತ್ತದೆ.

ಬಿಚ್ಚುವ ಕೆಲಸದಲ್ಲಿ ಹೆಚ್ಚು ಸತಾಯಿಸುವುದು ತುಕ್ಕು, ಅದರಲ್ಲೂ ಕರಾವಳಿಯ ಗಾಡಿಗಳಲ್ಲಿ. ಹಿಂದಿನ ಸಂಜೆಯೇ ಬೋಲ್ಟಿನ ಮರೆಗಳಿಗೆ, ಅಂದರೆ ತಿರುಪಿನ ಗೆರೆಗಳಿಗೆ, ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ. ಬಾರಿನ ತುದಿಯ ನಟ್ಟು ಕಳಚದಂತೆ ತಡೆಯುವ ಸ್ಪ್ಲಿಟ್ ಪಿನ್ ತೆಗೆದು ನಟ್ಟು ಬಿಚ್ಚಬೇಕು, ವಾಷರ್ ಮತ್ತು ಬುಷ್‌ಗಳು ಕೂತಿದ್ದ ಕ್ರಮವನ್ನೂ ಮುಖವನ್ನೂ ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳಬೇಕು. ಬಾಲ್ ಜಾಯಿಂಟಿನ ಕಡ್ಡಿಯನ್ನು ಹಿಡಿದಿರುವ ಬೋಲ್ಟು ಆ ಕಡ್ಡಿಯ ಮೇಲಿನ ಕಚ್ಚಿನಲ್ಲಿ ಹಾಯ್ದಿರುತ್ತದೆ. ಆದ್ದರಿಂದ ಅದನ್ನು ಸಡಿಲಿಸಿದರೆ ಸಾಲದು, ಪೂರ್ತಿ ಹೊರಗೆಳೆಯಬೇಕು. ಕೊನೆಗೆ ಒಳತುದಿಯ ಬೋಲ್ಟು. ಬಾರಿನ ಮುಂದಿನ ಕ್ಲಾಂಪುಗಳನ್ನೂ ಸಡಿಲಿಸಿಕೊಂಡರೆ ತೋಳು ಸುಲಭವಾಗಿ ಕೈಗೆ ಬರುತ್ತದೆ. ತೋಳು ಕಳಚಿದ ಮೇಲೆ ಚಕ್ರದ ಹಬ್ ಸ್ವತಂತ್ರವಾಗಿ ತೂಗುತ್ತದೆ. ಅದನ್ನು ಹೊರಕ್ಕೆ ಜಗ್ಗಿದರೆ ಆಕ್ಸಲಿನ ಜಾಯಿಂಟ್ ಕಳಚಬಹುದು, ಬ್ರೇಕಿನ ಪೈಪಿಗೂ ಪೆಟ್ಟಾಗಬಹುದು. ಒಂದು ತಂತಿಯಿಂದ ಅದನ್ನು ಇದ್ದಲ್ಲಿಯೇ ಕಟ್ಟಿಡಿ.

ಹಳೆಯ ಬುಷ್ ಹೊರತೆಗೆಯಲು ಹೊರಚಾಚಿದ ರಬ್ಬರಿನ ಅಂಚನ್ನು ಚೂಪಾದ ಚಾಕುವಿನಿಂದ ಮೊದಲು ಕತ್ತರಿಸಬೇಕು. ಆಮೇಲೆ ಬೆಂಚ್ ವೈಸ್ ಒಂದಿದ್ದರೆ ಸಾಕು. ಒಂದು ಕಡೆ ಬುಷ್‌ಗಿಂತ ಕೊಂಚ ಚಿಕ್ಕದಾದ ಸಾಕೆಟ್, ಇನ್ನೊಂದು ಕಡೆ ಬುಷ್ ಇಡಿಯಾಗಿ ಒಳಗೆ ಇಳಿಯುವಷ್ಟು ದೊಡ್ಡ ಸಾಕೆಟ್ ಅಥವಾ ಪೈಪಿನ ತುಂಡು ಇಟ್ಟು, ವೈಸ್ ಬಿಗಿಯುತ್ತ ಹೋದರೆ ಬುಷ್ ನಿಧಾನವಾಗಿ ಆ ಕಡೆಗೆ ಸರಿಯುತ್ತದೆ. ವೈಸ್ ಇಲ್ಲದವರು ಉದ್ದನೆಯ ಮರೆಯ ಬೋಲ್ಟು, ದಪ್ಪ ವಾಷರುಗಳು, ಪೈಪಿನ ತುಂಡು ಇವುಗಳಿಂದ ಅದೇ ಒತ್ತಡ ಹುಟ್ಟಿಸಬಹುದು. ಅದೂ ಆಗದಿದ್ದರೆ ತೋಳನ್ನು ಲೇತ್ ಅಂಗಡಿಗೆ ಒಯ್ದು ಪ್ರೆಸ್ಸಿನಲ್ಲಿ ತೆಗೆಸುವುದರಲ್ಲಿ ಯಾವ ಕುಂದೂ ಇಲ್ಲ. ರಬ್ಬರಿಗೆ ಬೆಂಕಿ ಕೊಟ್ಟು ಸುಡುವ ದಾರಿ ಮಾತ್ರ ಬೇಡ. ಆ ಹೊಗೆ ವಿಷ, ಆ ಶಾಖಕ್ಕೆ ಬಾಲ್ ಜಾಯಿಂಟಿನ ರಬ್ಬರ್ ಹೊದಿಕೆಯೂ ಒಳಗಿನ ಗ್ರೀಸೂ ಹಾಳಾಗುತ್ತವೆ.

ಹೊರಬಂದ ಬುಷ್ಷನ್ನು ಎಸೆಯುವ ಮುನ್ನ ಒಮ್ಮೆ ಬೆಳಕಿಗೆ ಹಿಡಿದು ನೋಡಿ. ಮೈಯೆಲ್ಲ ಗಡುಸಾಗಿ ಬಿರಿದಿದ್ದರೆ ಅದು ವಯಸ್ಸಿನ ಸಹಜ ಸವೆತ. ಉಬ್ಬಿ, ಜಿಗುಟಾಗಿ, ಉಗುರಿನಿಂದ ಕೆರೆದರೆ ಕಪ್ಪಾಗಿ ಕೈಗೆ ಹತ್ತುವಂತಿದ್ದರೆ ಮೇಲಿಂದ ಎಣ್ಣೆ ಸೋರುತ್ತಿದೆ. ಆ ಸೋರಿಕೆ ನಿಲ್ಲಿಸದೆ ಹೊಸ ಬುಷ್ ಹಾಕಿದರೆ ಅದಕ್ಕೂ ಇದೇ ಗತಿ. ರಬ್ಬರ್ ಇನ್ನೂ ಮೃದುವಾಗಿದ್ದೂ ಕೊಳವೆಯ ಸುತ್ತ ಸುಲಿದುಕೊಂಡಂತೆ ಹರಿದಿದ್ದರೆ, ಹಿಂದಿನ ಸಲ ಅದನ್ನು ಕೂರಿಸಿದವರು ನಾನೀಗ ಹೇಳಹೊರಟಿರುವ ಎಚ್ಚರವನ್ನು ಪಾಲಿಸಿರಲಿಕ್ಕಿಲ್ಲ.

ತೋಳಿನ ಕಣ್ಣಿನ ಒಳಗಿನ ತುಕ್ಕನ್ನು ಮರಳು ಕಾಗದದಿಂದ ಉಜ್ಜಿ ತೆಗೆದು, ಹೊಸ ಬುಷ್‌ನ ಮೈಗೆ ಸೋಪಿನ ನೀರು ಸವರಿ, ಬಂದ ದಾರಿಯಲ್ಲೇ ಒತ್ತಿ ಕೂರಿಸಬೇಕು. ಸೋಪಿನ ನೀರು ಆ ಹೊತ್ತಿಗೆ ಜಾರಿಸಿ ಬಳಿಕ ಒಣಗುತ್ತದೆ, ರಬ್ಬರಿಗೆ ಹಾನಿ ಮಾಡುವುದಿಲ್ಲ. ಎರಡೂ ಬದಿಗೆ ಬುಷ್ ಸಮನಾಗಿ ಹೊರಚಾಚಿದೆಯೇ ಎಂದು ಅಳೆದು ನೋಡಿ. ಹೊರಗೂ ಲೋಹದ ಚಿಪ್ಪಿರುವ ಬುಷ್ ಆದರೆ ಆ ಚಿಪ್ಪಿನ ಅಂಚಿನ ಮೇಲೆ ಮಾತ್ರ ಒತ್ತಡ ಬೀಳಬೇಕು. ನಡುವಿನ ಕೊಳವೆಯ ಮೇಲೆ ಒತ್ತಿದರೆ ಹೊಸ ರಬ್ಬರ್ ಗಾಡಿಗೆ ಸೇರುವ ಮೊದಲೇ ಹರಿಯುತ್ತದೆ.

ಈಗ ಇಡೀ ಕೆಲಸದ ತಿರುಳಿಗೆ ಬರುತ್ತೇನೆ. ತೋಳನ್ನು ಮತ್ತೆ ಜೋಡಿಸುವಾಗ ಗಾಡಿ ಸ್ಟ್ಯಾಂಡುಗಳ ಮೇಲಿದ್ದು, ಚಕ್ರದ ಕಡೆಯ ಭಾಗ ಕೆಳಕ್ಕೆ ಜೋತುಬಿದ್ದಿರುತ್ತದೆ. ಆ ಸ್ಥಿತಿಯಲ್ಲೇ ಒಳತುದಿಯ ಬೋಲ್ಟನ್ನು ಪೂರ್ತಿ ಬಿಗಿದುಬಿಟ್ಟರೆ, ಜೋತುಬಿದ್ದ ಆ ನಿಲುವೇ ರಬ್ಬರಿನ ನೆಲೆಯಾಗುತ್ತದೆ. ತೋಳಿನ ಉದ್ದ ಮೂವತ್ತು ಸೆಂಟಿಮೀಟರ್, ಹೊರತುದಿ ಇಳಿದಿರುವುದು ಏಳು ಸೆಂಟಿಮೀಟರ್ ಎಂದು ಲೆಕ್ಕಕ್ಕೆ ಹಿಡಿದರೂ, ಗಾಡಿಯನ್ನು ನೆಲಕ್ಕಿಳಿಸಿದೊಡನೆ ರಬ್ಬರ್ 13 ಡಿಗ್ರಿಗೂ ಮಿಕ್ಕಿ ತಿರುಚಿಕೊಳ್ಳುತ್ತದೆ. ಗಾಡಿ ಸುಮ್ಮನೆ ನಿಂತಿರುವಾಗಲೂ, ರಾತ್ರಿ ಶೆಡ್ಡಿನಲ್ಲಿರುವಾಗಲೂ ಅದು ಹಿಂಡಿ ಬಿಗಿದ ಒದ್ದೆ ಬಟ್ಟೆಯಂತೆಯೇ ಇರಬೇಕಾಗುತ್ತದೆ. ರಸ್ತೆಯ ಪ್ರತಿ ಗುಂಡಿಯೂ ಅದನ್ನು ಇನ್ನಷ್ಟು ಹಿಂಡುತ್ತದೆ. ವರ್ಷಗಟ್ಟಲೆ ಬಾಳಬೇಕಾದ ಬುಷ್ ಕೆಲವೇ ತಿಂಗಳಲ್ಲಿ ಹರಿದಾಗ ಕಂಪನಿಯ ಮಾಲು ಸರಿಯಿಲ್ಲವೆಂದು ನಾವು ದೂರುತ್ತೇವೆ.

ಆದ್ದರಿಂದ ಮೊದಲು ಬೋಲ್ಟು, ನಟ್ಟುಗಳೆಲ್ಲವನ್ನೂ ಕೈಬಿಗಿಗಿಂತ ತುಸು ಹೆಚ್ಚು ಬಿಗಿದು, ಬಾಲ್ ಜಾಯಿಂಟಿನ ಬೋಲ್ಟನ್ನು ಮಾತ್ರ ಪೂರ್ತಿ ಬಿಗಿಯಿರಿ. ಚಕ್ರ ಹಾಕಿ, ಗಾಡಿಯನ್ನು ಇಳಿಸಿ, ಮುಂಭಾಗವನ್ನು ಕೈಯಿಂದ ಮೂರು ನಾಲ್ಕು ಸಲ ಒತ್ತಿ ಬಿಟ್ಟು, ಸಸ್ಪೆನ್ಷನ್ ತನ್ನ ಸಹಜ ಎತ್ತರಕ್ಕೆ ಬರಲು ಬಿಡಿ. ಅನಂತರವೇ ಒಳತುದಿಯ ಬೋಲ್ಟನ್ನೂ, ಬಾರಿನ ಕ್ಲಾಂಪುಗಳನ್ನೂ, ಅದರ ತುದಿಯ ನಟ್ಟನ್ನೂ ಪೂರ್ತಿ ಬಿಗಿಯಬೇಕು. ಗಾಡಿ ನೆಲದಲ್ಲಿರುವಾಗ ಕೆಳಗೆ ಕೈ ತೂರುವುದಿಲ್ಲವೆಂಬ ತೊಂದರೆ ಎದುರಾದರೆ, ನಾಲ್ಕೂ ಚಕ್ರಗಳ ಅಡಿಗೆ ಒಂದೇ ದಪ್ಪದ, ಅಗಲವಾದ ಗಟ್ಟಿ ಮರದ ಹಲಗೆಗಳನ್ನು ಕೊಟ್ಟು ಎತ್ತರಿಸಿಕೊಳ್ಳಬಹುದು. ಇಲ್ಲವೇ ಸ್ಟ್ಯಾಂಡುಗಳನ್ನು ತೆಗೆಯದೆ, ಬಾಲ್ ಜಾಯಿಂಟಿನ ಹತ್ತಿರ ತೋಳಿನ ಅಡಿಗೆ ಜಾಕಿ ಕೊಟ್ಟು, ಒಡಲು ಸ್ಟ್ಯಾಂಡಿನಿಂದ ಇನ್ನೇನು ಮೇಲೇಳಬೇಕು ಎನ್ನುವವರೆಗೆ ಎತ್ತಿ, ಆ ಸ್ಥಿತಿಯಲ್ಲಿ ಬಿಗಿಯಬಹುದು. ಎಷ್ಟು ಬಿಗಿಯಬೇಕೆಂಬ ಅಂಕಿ ಆಯಾ ಗಾಡಿಯ ಸರ್ವಿಸ್ ಪುಸ್ತಕದಲ್ಲಿರುತ್ತದೆ. ಬಿಗಿಯನ್ನು ಅಳೆದು ತೋರಿಸುವ ಟಾರ್ಕ್ ರೆಂಚ್ ಸ್ವಂತಕ್ಕೆ ಇಲ್ಲದಿದ್ದರೆ ಪರಿಚಯದ ಗ್ಯಾರೇಜಿನಿಂದ ಒಂದು ಗಂಟೆಗೆ ಕೇಳಿ ತಂದರೂ ಆದೀತು, ಅಂದಾಜಿನಲ್ಲಿ ಮುಗಿಸಬೇಡಿ.

ಸ್ಪ್ಲಿಟ್ ಪಿನ್ ಹೊಸದನ್ನೇ ಹಾಕಿ. ಒಮ್ಮೆ ಬಗ್ಗಿಸಿ ನೆಟ್ಟಗೆ ಮಾಡಿದ ಪಿನ್ ಮತ್ತೆ ಬಗ್ಗಿಸಿದಾಗ ಮುರಿಯಬಹುದು. ಮೊದಲ ಓಟ ಮನೆಯ ಸುತ್ತಮುತ್ತ, ಕಡಿಮೆ ವೇಗದಲ್ಲಿರಲಿ. ಖಾಲಿ ರಸ್ತೆಯಲ್ಲಿ ಮೆಲ್ಲಗೆ ಬ್ರೇಕ್ ಒತ್ತಿ, ಗಾಡಿ ನೇರವಾಗಿ ನಿಲ್ಲುತ್ತದೆಯೇ ಎಂದು ನೋಡಿ. ತೋಳುಗಳ ನೆಲೆ ಕೂದಲೆಳೆಯಷ್ಟು ಬದಲಾದರೂ ಚಕ್ರಗಳ ಕೋನ ಬದಲಾಗುವುದರಿಂದ, ಅದೇ ವಾರದಲ್ಲಿ ವೀಲ್ ಅಲೈನ್‌ಮೆಂಟ್ ಮಾಡಿಸಿ. ನೂರು ಕಿಲೋಮೀಟರ್ ಓಡಿದ ಮೇಲೆ, ಗಾಡಿ ನೆಲದ ಮೇಲಿರುವಾಗಲೇ, ಎಲ್ಲ ಬೋಲ್ಟುಗಳ ಬಿಗಿಯನ್ನು ಇನ್ನೊಮ್ಮೆ ಪರೀಕ್ಷಿಸಿ. ನಮಸ್ಕಾರ.